ಗೋಡೆ ಮೇಲೆ ಮಾತಾಡುವ ಭಾವ

ನಮ್ಮ ಭಾವನವರನ್ನ ನೀವು ಏನೇ ಕೇಳಿ, ಉತ್ತರ ಬಾಯಿಂದ ಬರಲ್ಲ. ಗೋಡೆ ಮೇಲೆ ಬರುತ್ತೆ! "ಕಾಫಿ ಕುಡೀತೀರಾ ಭಾವ?" ಅನ್ನೋ ಮಟ್ಟದ ಪ್ರಶ್ನೆಗೆ ತಲೆ ಆಡಿಸ್ತಾರೆ, ಅಷ್ಟೇ. ಅದಕ್ಕಿಂತ ಉದ್ದದ್ದೇನಾದ್ರೂ ಕೇಳಿದಿರೋ, "ಒಂದ್ನಿಮಿಷ ಇರಮ್ಮ" ಅಂತ ಲ್ಯಾಪ್‌ಟಾಪ್ ತೆಗೀತಾರೆ. ಆ ಒಂದು ನಿಮಿಷ ಒಂದು ಗಂಟೆಯೂ ಆಗಬಹುದು, ಎರಡು ದಿನವೂ ಆಗಬಹುದು. ಆಮೇಲೆ ಹಾಲ್‌ನ ದೀಪ ಆರುತ್ತೆ, ಕಿಟಕಿಯ ಪರದೆ ಮುಚ್ಚುತ್ತೆ, ಪ್ರೊಜೆಕ್ಟರ್ ಉರಿಯುತ್ತೆ, ಟಿವಿ ಪಕ್ಕದ ಬಿಳಿ ಗೋಡೆ ಮೇಲೆ ದಪ್ಪ ದಪ್ಪ ಅಕ್ಷರದಲ್ಲಿ ಉತ್ತರ ಮೂಡುತ್ತೆ. ನನ್ನ ಅಕ್ಕ ಈ ಗೋಡೆ ಜೊತೆ ಸಂಸಾರ ಮಾಡ್ತಾ ಬಂದಿದಾಳೆ, ಪುಣ್ಯಾತ್ಗಿತ್ತಿ!

ಅವರ ಕಸುಬೇ ಅಂಥದ್ದು ಅನ್ನಿ. ಪಂಪು, ಜನರೇಟರ್, ಕಂಪ್ರೆಸರ್ ಮಾಡೋ ಕಂಪನಿಗಳಿಗೆ ಅದನ್ನ ಬಳಸೋದು ಹೇಗೆ ಅಂತ ಬರೆದುಕೊಡ್ತಿದ್ದರು. ಈಗ ರಿಟೈರ್ ಆಗಿದಾರೆ, ಆದರೆ ಕೈ ಸುಮ್ಮನಿರಲ್ಲ. ಎಂಜಿನಿಯರುಗಳು ಬರೆದು ಬಿಸಾಕಿದ, ಒಂದು ಚಿತ್ರ ಇಲ್ಲದ, ಒಂದು ಬಣ್ಣ ಇಲ್ಲದ, ಬರೀ ಅಕ್ಷರದ ಕಡತಗಳನ್ನ ಸ್ಲೈಡು ಮಾಡಿಕೊಡೋದು ಈಗಿನ ಕೆಲಸ. ಅದನ್ನೂ ಎಲ್ಲರ ಹಾಗೆ ಮೌಸ್ ಹಿಡಿದು ಎಳೆದಾಡಿ ಮಾಡಿದ್ರೆ ಅವರು ನಮ್ಮ ಭಾವ ಹೇಗಾಗ್ತಾರೆ? ನೋಟ್‌ಪ್ಯಾಡ್‌ನಲ್ಲಿ ಸುಮ್ಮನೆ ಟೈಪ್ ಮಾಡ್ತಾ ಹೋಗ್ತಾರೆ. ಸಾಲಿನ ಮುಂದೆ ಹ್ಯಾಶ್ (#) ಗುರುತು ಹಾಕಿ ಒಂದು ಜಾಗ ಬಿಟ್ರೆ ಅದು ತಲೆಬರಹ. ಒಂದು ಗೆರೆ ಹಾಕಿದ್ರೆ ಅದೊಂದು ಅಂಶ. ಮೂರು ಗೆರೆ ಹಾಕಿದ್ರೆ ಆ ಸ್ಲೈಡು ಮುಗೀತು, ಹೊಸದು ಶುರು. ಅವರೇ ಬರೆದುಕೊಂಡಿರೋ ಒಂದು ಪುಟ್ಟ ಪ್ರೋಗ್ರಾಮ್ ಇದೆ. ಚಕ್ಕುಲಿ ಒರಳಿಗೆ ಹಿಟ್ಟು ತುಂಬಿದ ಹಾಗೆ ಇದನ್ನ ಅದಕ್ಕೆ ತುಂಬಿದ್ರೆ, ಆಚೆಯಿಂದ ಸ್ಲೈಡುಗಳು ಸಾಲಾಗಿ ಇಳಿಯುತ್ವೆ.

ನನಗೆ ಇದನ್ನ ನೋಡೋದೇ ಒಂದು ಹುಚ್ಚು. ಭಾನುವಾರ ವಿಲ್ಸನ್ ಗಾರ್ಡನ್‌ನಿಂದ ಬಸ್ ಹತ್ತಿ ಕತ್ರಿಗುಪ್ಪೆಗೆ ಹೋಗೋದೇ ಅರ್ಧ ಅಕ್ಕನ ಅಡುಗೆಗೆ, ಅರ್ಧ ಈ ತಮಾಷೆಗೆ. ಪಕ್ಕದಲ್ಲಿ ಕೂತು ಕೆದಕ್ತೀನಿ.

"ಒಂದು ಸ್ಲೈಡಿಗೆ ಐದೇ ಸಾಲು ಯಾಕೆ ಭಾವ?"

"ಆರನೇ ಸಾಲಿಗೆ ಬರೋ ಹೊತ್ತಿಗೆ ಮನುಷ್ಯ ಇವತ್ತು ಊಟಕ್ಕೇನು ಅಂತ ಯೋಚನೆ ಮಾಡ್ತಿರ್ತಾನೆ."

"ಇಷ್ಟು ದಪ್ಪ ಕಡತದಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ಹೇಗೆ ಗೊತ್ತಾಗುತ್ತೆ?"

"ಮೆಷೀನ್ ವಿಷಯ ಇದ್ರೆ ಇಟ್ಕೋತೀನಿ. ಮನುಷ್ಯರ ವಿಷಯ ಇದ್ರೆ ಹೊಡೆದುಹಾಕ್ತೀನಿ."

ನೋಡಿದ್ರಾ? ಇಂಥವರ ಜೊತೆ ಅಕ್ಕ ಹೇಗೆ ಬಾಳಿದಳೋ ಅಂತ ನನಗೆ ಆಗಾಗ ಆಶ್ಚರ್ಯ ಆಗುತ್ತೆ. ಒಂದ್ಸಲ ಮನೆಗೆ ಹೊಸ ಗ್ರೈಂಡರ್ ಬಂತು. ಬೆಳಿಗ್ಗೆಯೇ ಅಕ್ಕಿ, ಉದ್ದು ನೆನೆಹಾಕಿ ಅಕ್ಕ ಸೆರಗು ಸಿಕ್ಕಿಸಿ ನಿಂತಳು. ಭಾವ ಅಡ್ಡ ನಿಂತರು! ಕಂಪನಿಯವರು ಕೊಟ್ಟ ಪುಸ್ತಕ ಪೂರ್ತಿ ಓದಿ, ಸ್ಲೈಡು ಮಾಡಿ, ತೋರಿಸಿದ ಮೇಲೇ ಸ್ವಿಚ್ ಹಾಕಬೇಕಂತೆ. ಸಂಜೆ ಪರದೆ ಎಳೆದರು. ಮೊದಲನೇ ಸ್ಲೈಡು, 'ಗ್ರೈಂಡರ್ ಎಂದರೇನು?'. ಅಕ್ಕನ ಮುಖ ನೋಡಬೇಕಿತ್ತು ನೀವು! ಎರಡನೇದು, ಒದ್ದೆ ಕೈಯಲ್ಲಿ ಮುಟ್ಟಬೇಡಿ. ಮೂರನೇದು, ಮಕ್ಕಳಿಂದ ದೂರವಿಡಿ.

"ಏನ್ರೀ, ರುಬ್ಬೋದು ಯಾವ ಸ್ಲೈಡಲ್ಲಿದೆ?"

"ಬರುತ್ತೆ, ತಾಳು. ಮಧ್ಯೆ ಪ್ರಶ್ನೆ ಕೇಳಬಾರದು."

ಬಂತು. ಅಷ್ಟರಲ್ಲಿ ಉದ್ದು ಹುಳಿ ವಾಸನೆ ಹೊಡೀತಿತ್ತು. ಮಾರನೇ ದಿನ ನಾವೆಲ್ಲ ತಿಂದ ಇಡ್ಲಿ ಬಗ್ಗೆ ಏನೂ ಹೇಳದೇ ಇರೋದೇ ಒಳ್ಳೇದು.

ಅದು ಮನೆಯೊಳಗಿನ ಮಾತಾಯ್ತು. ಒಂದ್ಸಲ ಬೀದಿಗೂ ಬಂತು ಇವರ ಸ್ಲೈಡು. ಅವರಿರೋದು ಮೂರು ಮಹಡಿಯ ಹಳೇ ಅಪಾರ್ಟ್‌ಮೆಂಟು. ಗೇಟ್ ಹತ್ತಿರ, ಎರಡನೇ ನಂಬರ್ ಮನೆ ಮುಂದೆ ಮಳೆನೀರು ನಿಲ್ಲುತ್ತೆ, ಸರಿಮಾಡಿಸಬೇಕು ಅಂತ ಅಸೋಸಿಯೇಷನ್‌ಗೆ ಭಾವ ಒಂದು ಸ್ಲೈಡು ಮಾಡಿ ವಾಟ್ಸಾಪ್ ಗುಂಪಿಗೆ ಹಾಕಿದರು. ಮನೆ ನಂಬರ್ ಬರೆಯುವಾಗ ಎಲ್ಲರ ಹಾಗೆ ಮುಂದೊಂದು ಹ್ಯಾಶ್ ಹಾಕಿ ಜಾಗ ಬಿಟ್ಟಿದ್ದರು, ಪಾಪ. ಪ್ರೋಗ್ರಾಮ್‌ಗೇನು ಗೊತ್ತು? ಹ್ಯಾಶ್ ಕಂಡಿತು, ತಲೆಬರಹ ಮಾಡಿಬಿಡ್ತು! ಮೇಲೆ ಕೆಂಪಕ್ಷರದಲ್ಲಿ, ಕುಂಬಳಕಾಯಿ ಗಾತ್ರಕ್ಕೆ, 'ನಂಬರ್ 2'. ಅದರ ಕೆಳಗೆ, 'ಕೊಳಕು ನೀರು'. ಗ್ರೌಂಡ್ ಫ್ಲೋರಿನ ಎರಡನೇ ನಂಬರಿನವರು ನಿವೃತ್ತ ಬ್ಯಾಂಕ್ ಮ್ಯಾನೇಜರ್. ಕೋಪ ನೆತ್ತಿಗೇರಿ ಮೆಟ್ಟಿಲ ಬುಡದಲ್ಲಿ ನಿಂತು ಕೂಗಿದರು. "ನಮ್ಮನೆ ನಂಬರೊಂದೇ ಯಾಕೆ ಸಾರ್ ಅಷ್ಟು ದಪ್ಪಕ್ಕೆ? ಕೊಳಕು ಮಾಡ್ತಿರೋದು ನಾವಾ?" ಭಾವ ಮೂರನೇ ಮಹಡಿಯಿಂದ ಬಗ್ಗಿ, "ಹ್ಯಾಶ್ ಆದ್ಮೇಲೆ ಜಾಗ ಬಿಟ್ಟಿದ್ದು ನನ್ನದೇ ತಪ್ಪು ಸಾರ್" ಅಂದರು. ಮ್ಯಾನೇಜರ್ ಅಂಕಲ್‌ಗೆ ಇದು ಅರ್ಥ ಆಗುತ್ತಾ? ಅವತ್ತಿಂದ ಇಬ್ಬರಿಗೂ ಮಾತು ನಿಂತಿತು.

ಇಲ್ಲೀವರೆಗೆ ನಗ್ತಾ ಬಂದೆ. ಇನ್ನು ಮುಂದಿಂದು ಅಷ್ಟು ಸಲೀಸಾಗಿ ನಗೋ ವಿಷಯ ಅಲ್ಲ.

ಅಕ್ಕ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರ್ಕೊಂಡಳು. ಆಪರೇಷನ್ ಆಯ್ತು, ವಾಕರ್ ಹಿಡಿದು ಮನೆಯೊಳಗೆ ಓಡಾಡೋ ಹಾಗೂ ಆಯ್ತು. ಮೆಟ್ಟಿಲು ಮಾತ್ರ ಬೇಡವೇ ಬೇಡ ಅಂದರು ಡಾಕ್ಟರು. ಲಿಫ್ಟ್ ಇದೆಯಲ್ಲ ಅಂತ ನಾವೂ ನೆಮ್ಮದಿಯಾಗಿದ್ವಿ. ಸರಿಯಾಗಿ ಆಗಲೇ ಅದು ಕೆಟ್ಟು ನಿಲ್ಲಬೇಕಾ? ಲಿಫ್ಟ್ ಕಂಪನಿಯವರು ಬಂದು ಪರೀಕ್ಷೆ ಮಾಡಿ, ದೊಡ್ಡದೊಂದು ರಿಪೋರ್ಟ್ ಕಳಿಸಿದರು. ಅಷ್ಟೂ ಸಣ್ಣಕ್ಷರ, ಅಷ್ಟೂ ಇಂಗ್ಲಿಷು. ರಿಪೇರಿ ಸಾಕಾ, ಹೊಸ ಲಿಫ್ಟೇ ಬೇಕಾ ಅಂತ ಅದರಲ್ಲಿ ಎಲ್ಲೋ ಇತ್ತು. ಆದರೆ ಓದಿದವರು ಯಾರು? ಪ್ರತಿ ಮೀಟಿಂಗಲ್ಲೂ "ರಿಪೋರ್ಟ್ ಓದ್ಕೊಂಡು ಮುಂದಿನ ಸಲ ನೋಡೋಣ" ಅಂತ ಎದ್ದುಹೋಗ್ತಿದ್ದರು. ತಿಂಗಳು ಕಳೆದ ಮೇಲೆ ತಿಂಗಳು. ಅಕ್ಕನ ಮನೆ ಹಿಂದುಗಡೆಗೆ. ಬಾಲ್ಕನಿಯಿಂದ ಕಾಣೋದು ಪಕ್ಕದ ಕಟ್ಟಡದ ನೀರಿನ ಟ್ಯಾಂಕು, ಅದರ ಮೇಲೊಂದು ಪಾರಿವಾಳ. ಬೀದಿ ಕಾಣಲ್ಲ. ಮನುಷ್ಯರು ಕಾಣಲ್ಲ. ಗಲಗಲ ಅಂತ ಇದ್ದವಳು ಫೋನಲ್ಲೂ "ಹ್ಞೂಂ, ಹ್ಞೂಂ" ಅನ್ನೋಕೆ ಶುರು ಮಾಡಿದಾಗ ನನಗೆ ನಿಜವಾಗಿ ಭಯ ಆಯ್ತು.

ಭಾವ ಆ ರಿಪೋರ್ಟ್ ಕೈಗೆತ್ತಿಕೊಂಡರು. ಮೆಕ್ಯಾನಿಕ್ ಜೊತೆ ಟೆರೇಸಿನ ಮೋಟರ್ ರೂಮಿಗೆ ಹತ್ತಿ, ಗ್ರೀಸ್ ಮೆತ್ತಿಕೊಂಡು ಇಳಿದರು. ಟೈಪ್ ಮಾಡೋದು, ಅಳಿಸೋದು, ಮತ್ತೆ ಟೈಪ್ ಮಾಡೋದು. ಕಡೆಗೊಂದು ಭಾನುವಾರ ಗೋಡೆ ಮೇಲೆ ನಮ್ಮಿಬ್ಬರಿಗೂ ತೋರಿಸಿದರು. ಸುಳ್ಳು ಯಾಕೆ ಹೇಳಲಿ, ಸಖತ್ತಾಗಿತ್ತು! ಮೋಟರು ಗಟ್ಟಿ ಇದೆ. ಎಳೆಯೋ ಉಕ್ಕಿನ ಹಗ್ಗ ಸವೆದಿದೆ. ಬ್ರೇಕು ಸವೆದಿದೆ. ಎರಡನ್ನೂ ಬದಲಾಯಿಸಿದ್ರೆ ಸಾಕು, ಹೊಸ ಲಿಫ್ಟ್ ಬೇಡ. ಇಷ್ಟೇ ವಿಷಯ! ಇಷ್ಟಕ್ಕೆ ಅಷ್ಟು ದೊಡ್ಡ ರಿಪೋರ್ಟಾ?

ಅಕ್ಕ ಸೋಫಾದಲ್ಲಿ ಕೂತು ನೋಡಿದಳು. ಆಮೇಲೆ ಮೆಲ್ಲಗೆ, "ಚೆನ್ನಾಗಿದೆ ರೀ. ನನ್ನ ವಿಷಯಾನೂ ಒಂದು ಸಾಲು ಹಾಕಿ" ಅಂದಳು.

"ರಿಪೋರ್ಟಲ್ಲಿ ನೀನಿಲ್ಲ ಕಣೇ."

"ಇಲ್ಲ ಅಂತ ನನಗೂ ಗೊತ್ತು. ನೀವು ಹಾಕಿ ಅಂತಿದೀನಿ."

"ಇದು ಟೆಕ್ನಿಕಲ್. ಮನೆ ವಿಷಯ ತಂದ್ರೆ ಜನ ನಂಬಲ್ಲ."

ಅಕ್ಕ ವಾಕರ್ ಹಿಡಿದು ಎದ್ದು ಒಳಗೆ ಹೋದಳು. ನನಗೆ ಮೈಯೆಲ್ಲ ಉರಿದುಹೋಯ್ತು. ಇವರ ಐದು ಸಾಲಿಗೆ ಬೆಂಕಿ ಹಾಕ! ಒಂದು ಸಾಲಿಗೆ ಇವರ ಗಂಟೇನು ಹೋಗ್ತಿತ್ತು? ಅವತ್ತು ಹೊರಡುವಾಗ ನಾನು ಭಾವನಿಗೆ ಬರ್ತೀನಿ ಅಂತಲೂ ಹೇಳಲಿಲ್ಲ.

ಮೀಟಿಂಗ್ ನಡೆದಿದ್ದು ಕೆಳಗಿನ ಪಾರ್ಕಿಂಗಲ್ಲಿ. ಎರಡು ಕಂಬಕ್ಕೆ ಬಿಳಿ ಪಂಚೆ ಕಟ್ಟಿ, ಸ್ಟೂಲ್ ಮೇಲೆ ಪ್ರೊಜೆಕ್ಟರ್ ಇಟ್ಟು, ಸ್ಕೂಟರುಗಳ ಮಧ್ಯೆ ಕುರ್ಚಿ ಹಾಕಿದ್ದರು. ಅಕ್ಕನಿಗೆ ಆಮೇಲೆ ವರದಿ ಒಪ್ಪಿಸಬೇಕಲ್ಲ, ಅದಕ್ಕೆ ನಾನೂ ಹೋಗಿ ಹಿಂದೆ ಕೂತೆ. ಭಾವ ಒಂದೊಂದೇ ಸ್ಲೈಡು ದಾಟಿಸಿದರು. "ಓ, ಇಷ್ಟೇನಾ?" "ಮೋಟರ್ ಚೆನ್ನಾಗಿದೆಯಂತಲ್ರೀ!" ಅಂತ ಎಲ್ಲರ ಮುಖವೂ ಅರಳಿತು. ಎಲ್ಲ ಮುಗೀತು ಅನ್ನುವಾಗ ಎದ್ದರು ನೋಡಿ ನಮ್ಮ ಮ್ಯಾನೇಜರ್ ಅಂಕಲ್.

"ಅರ್ಥ ಆಯ್ತು ಸಾರ್. ಅರ್ಥ ಆಯ್ತು ಅಂತ ಇವತ್ತೇ ಮಾಡಿಸಬೇಕು ಅಂತೇನಿಲ್ಲವಲ್ಲ? ನಾವು ಗ್ರೌಂಡ್ ಫ್ಲೋರಿನವರು ಲಿಫ್ಟ್ ಮುಟ್ಟೋದೂ ಇಲ್ಲ. ದಸರಾ ಕಳೀಲಿ, ನೋಡೋಣ."

ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ! ನೋಡ್ತಾ ನೋಡ್ತಾ ನಾಲ್ಕು ಜನ "ಹೌದು, ದಸರಾ ಕಳೀಲಿ" ಅಂದೇಬಿಟ್ಟರು. ಕುರ್ಚಿಗಳು ಸರಿಯೋಕೆ ಶುರುವಾದವು. ಭಾವ ಗಾಬರಿಯಲ್ಲಿ ಇನ್ನೊಂದು ಸಲ ಬಟನ್ ಒತ್ತಿದರು. 'ವಂದನೆಗಳು' ಅನ್ನೋ ಕೊನೇ ಸ್ಲೈಡು ಹೋಗಿ, ಅದರಾಚೆ ಇನ್ನೊಂದು ಬಂತು. ಪೂರ್ತಿ ಖಾಲಿ! ಪಂಚೆ ತುಂಬ ಬರೀ ಬೆಳಕು. ಕೊನೇಲಿ ಮೂರು ಗೆರೆ ಜಾಸ್ತಿ ಬಿದ್ದಿರಬೇಕು, ಪ್ರೋಗ್ರಾಮ್ ಸುಮ್ಮನೆ ಒಂದು ಖಾಲಿ ಸ್ಲೈಡು ಹುಟ್ಟಿಸಿತ್ತು. ಎದ್ದು ಹೊರಟವರೆಲ್ಲ ನಿಂತರು.

"ಇದೇನು ಸಾರ್, ಇದರಲ್ಲಿ ಏನೂ ಇಲ್ಲವಲ್ಲ?" ಅಂದರು ಅಂಕಲ್.

ಮುಚ್ಚಿಬಿಡಬಹುದಿತ್ತು. ತಪ್ಪಾಯ್ತು ಅಂದುಬಿಡಬಹುದಿತ್ತು. ಭಾವ ಆ ಬಿಳಿ ಪಂಚೆಯನ್ನೇ ನೋಡ್ತಾ ನಿಂತರು.

"ಇದು ನನ್ನ ಹೆಂಡತಿದು" ಅಂದರು. "ಒಂದು ಸಾಲು ಹಾಕಿ ಅಂತ ಕೇಳಿದ್ಲು. ನಾನು ಹಾಕಲಿಲ್ಲ." ಕೆಮ್ಮಿದರು. "ಮೇಲಿದಾಳೆ. ಇಳಿಯಕ್ಕಾಗಲ್ಲ. ಬಾಲ್ಕನಿಯಿಂದ ಟ್ಯಾಂಕ್ ಬಿಟ್ಟು ಬೇರೇನೂ ಕಾಣಲ್ಲ. ಅವಳು ಈಗ ಮಾತಾಡ್ತಿಲ್ಲ ಸಾರ್. ನಂಗೆ ಹೆದರಿಕೆ ಆಗ್ತಿದೆ."

ಅಷ್ಟು ಹೇಳಿ ಅಲ್ಲೇ ಯಾರದೋ ಸ್ಕೂಟರ್ ಮೇಲೆ ಕೂತುಬಿಟ್ಟರು. ನಾನು ಕಣ್ಣೊರೆಸಿಕೊಂಡೆ. ಇಷ್ಟು ವರ್ಷದಲ್ಲಿ ಈ ಮನುಷ್ಯ ಹೀಗೆ ಮಾತಾಡಿದ್ದನ್ನ ನಾನು ಕೇಳೇ ಇರಲಿಲ್ಲ.

ಅಂಕಲ್ ಚಪ್ಪಲಿ ಮೆಟ್ಟಿ ಮೆಟ್ಟಿಲ ಕಡೆ ನಡೆದರು.

"ಎಲ್ಲಿಗೆ ಸಾರ್?" ಅಂದರು ಅಸೋಸಿಯೇಷನ್ ಸೆಕ್ರೆಟರಿ ಮೇಡಂ.

"ಆಯಮ್ಮನೂ ಮೆಂಬರ್ರೇ ತಾನೇ? ಅವರಿಲ್ಲದೆ ಅದೆಂಥ ಮೀಟಿಂಗು? ನಡೀರಿ, ಮೇಲೇ ಮಾಡೋಣ."

ಹೊರಟಿತು ಮೆರವಣಿಗೆ! ಮೊದಲನೇ ಮಹಡಿ ಸರಾಗವಾಗಿ ಆಯ್ತು. ಎರಡನೇದರಲ್ಲಿ ಅಂಕಲ್ ಕಂಬಿ ಹಿಡಿದು ನಿಂತು, "ಇನ್ನೂ ಇದೆಯೇನಮ್ಮಾ?" ಅಂತ ನನ್ನ ಕೇಳಿದರು. ಮೂರನೇದಕ್ಕೆ ಹತ್ತಿದಾಗ ಬೆವರು ಕಿತ್ತುಕೊಂಡು ಬರ್ತಿತ್ತು. ಅಕ್ಕ ವಾಕರ್ ದೂಡ್ಕೊಂಡು ಬಂದು ಬಾಗಿಲು ತೆಗೆದಳು. ಮೆಟ್ಟಿಲು ತುಂಬ ಜನ ನೋಡಿ ಎದೆ ಹಿಡಿದುಕೊಂಡಳು. "ಏನ್ರೀ? ಯಾರಿಗೇನಾಯ್ತು?"

"ಏನೂ ಆಗಿಲ್ಲಮ್ಮ" ಅಂದರು ಅಂಕಲ್, ಏದುಸಿರು ಬಿಡ್ತಾ. "ಮೊದಲು ಒಂಚೂರು ನೀರು ಕೊಡಿ. ಆಮೇಲೆ ಹೇಳಿ, ಲಿಫ್ಟ್ ಯಾವತ್ತಿಗೆ ಆಗಬೇಕು?"

ಅಕ್ಕ ಅವರ ಮುಖ ನೋಡಿದಳು, ಭಾವನ ಮುಖ ನೋಡಿದಳು. "ನಾಳೆ ಆದ್ರೆ ನಾಳೆನೇ ಇಳಿದು ಬರ್ತೀನಿ ಸಾರ್" ಅಂದಳು. ಆ ಮೆಟ್ಟಿಲ ಮೇಲೇ ಎಲ್ಲರೂ ಒಪ್ಪಿಗೆ ಅಂತ ಕೈ ಎತ್ತಿದರು.

ಹಗ್ಗ, ಬ್ರೇಕು ಬಂದು ಲಿಫ್ಟ್ ಓಡಿದ ದಿನ ನಾನು ರಜಾ ಹಾಕಿ ಹೋದೆ. ಅಕ್ಕ ಜರಿಯಂಚಿನ ಸೀರೆ ಉಟ್ಟಿದ್ದಳು, ಮದುವೆ ಮನೆಗೆ ಹೊರಟವಳ ಹಾಗೆ. ಕೆಳಗೆ ಬಾಗಿಲು ತೆರೆದುಕೊಂಡರೂ ತಕ್ಷಣ ಹೊರಗೆ ಬರಲಿಲ್ಲ. "ಸ್ವಲ್ಪ ತಾಳಿ ರೀ" ಅಂತ ಭಾವನ ತೋಳು ಹಿಡಿದು ನಿಂತಳು. ಆಟೋ ಸದ್ದು, ಸೊಪ್ಪಿನವನ ಕೂಗು, ಎಲ್ಲವನ್ನೂ ನಿಂತಲ್ಲಿಂದಲೇ ಕೇಳಿಸಿಕೊಂಡಳು. ಆಮೇಲೆ ಒಂದೊಂದೇ ಹೆಜ್ಜೆ ಇಡ್ತಾ ಗೇಟಿನವರೆಗೆ ಬಂದಳು.

ಗೇಟಿನಾಚೆ ಹೂವು ಕಟ್ಟುತ್ತಾ ಕೂತಿದ್ದ ಹೆಂಗಸು ತಲೆ ಎತ್ತಿ, "ಅಯ್ಯೋ ಅಕ್ಕಾ! ಎಲ್ಲಿ ಹೋಗಿಬಿಟ್ಟಿದ್ರಿ ಇಷ್ಟು ದಿನ?" ಅಂದಳು.

"ಎಲ್ಲೂ ಹೋಗಿರಲಿಲ್ಲ ಕಣಮ್ಮಾ" ಅಂದಳು ನಮ್ಮಕ್ಕ. "ಇಲ್ಲೇ ಇದ್ದೆ."