ಎಂಟು ತಗಡುಗಳ ಸಮಪಾಲು

ಭೌತಶಾಸ್ತ್ರ ಕಲಿಸುವವರಿಗೆ ಒಂದು ಕಾಯಿಲೆ ಇರುತ್ತದೆ. ಯಾವ ಯಂತ್ರ ಹಾಳಾದರೂ ಅದು ಹಾಳಾದ ಕಾರಣ ತಮಗೆ ಗೊತ್ತು ಎಂದು ಅವರಿಗೆ ಅನ್ನಿಸುತ್ತದೆ. ಕಾರಣ ಗೊತ್ತಿದ್ದ ಮೇಲೆ ರಿಪೇರಿ ಏನು ಮಹಾ ಎಂಬುದು ಆ ಕಾಯಿಲೆಯ ಎರಡನೆಯ ಹಂತ. ನಾನು ಇಪ್ಪತ್ತು ವರ್ಷದಿಂದ ಹೈಸ್ಕೂಲಿನಲ್ಲಿ ಬಲ, ಘರ್ಷಣೆ, ಒತ್ತಡ ಎಂದು ಕೂಗುತ್ತಾ ಬಂದವನು; ನನ್ನದು ಮೂರನೆಯ ಹಂತ. ನನ್ನ ಮನೆಯಲ್ಲಿ ಒಂದು ಮಿಕ್ಸಿ, ಎರಡು ಇಸ್ತ್ರಿಪೆಟ್ಟಿಗೆ ಮತ್ತು ಬಾವಿಯ ಪಂಪು ನನ್ನ ಜ್ಞಾನಕ್ಕೆ ಬಲಿಯಾಗಿ ಅಟ್ಟದಲ್ಲಿ ಮಲಗಿವೆ. ಅವುಗಳ ಬಿಡಿಭಾಗಗಳನ್ನೆಲ್ಲ ನಾನು ಡಬ್ಬಿಗಳಲ್ಲಿ ಹಾಕಿ, ಮೇಲೆ ಚೀಟಿ ಅಂಟಿಸಿ ಇಟ್ಟಿದ್ದೇನೆ. ಶಿಸ್ತಿನ ವಿಷಯದಲ್ಲಿ ನನ್ನನ್ನು ಯಾರೂ ಒಂದು ಮಾತು ಹೇಳುವ ಹಾಗಿಲ್ಲ.

ನಮ್ಮ ಮನೆಯಲ್ಲಿ ಒಂದು ಹಳೆಯ ಪಿಕಪ್ ಇದೆ. ನಮ್ಮದು ಎಂದೆನಾದರೂ ಅದು ನನ್ನ ಹೆಂಡತಿ ಶೈಲಜಳದ್ದು. ಬೋವಿಕಾನದಲ್ಲಿ ನಮ್ಮ ಮನೆಯ ಪಕ್ಕದಲ್ಲೇ ಅವಳೊಂದು ನರ್ಸರಿ ನಡೆಸುತ್ತಾಳೆ. ಗಿಡ ಸಾಗಿಸಲಿಕ್ಕೆ ಒಬ್ಬ ಮೀನು ವ್ಯಾಪಾರಿಯಿಂದ ಆ ಗಾಡಿ ಕೊಂಡು, ಆರು ತಿಂಗಳು ತೊಳೆದು, ಈಗ ತಾನೇ ಓಡಿಸುತ್ತಾಳೆ. ನನಗೂ ಲೈಸೆನ್ಸ್ ಇದೆ. ಹೆಚ್ಚಾಗಿ ಅದು ಗುರುತಿನ ಚೀಟಿಯಾಗಿ ಉಪಯೋಗಕ್ಕೆ ಬರುತ್ತದೆ. ಗಾಡಿಗೆ ನನ್ನ ಕೊಡುಗೆ ಏನೂ ಇಲ್ಲ ಎನ್ನುವ ಹಾಗಿಲ್ಲ, ಈ ಕತೆ ನಡೆದ ತಿಂಗಳ ಆರಂಭದಲ್ಲಿ ಒಂದು ವಸ್ತುಪ್ರದರ್ಶನದಿಂದ ಕೆಂಪು ಬಣ್ಣದ ಕಬ್ಬಿಣದ ಟೂಲ್ ಪೆಟ್ಟಿಗೆ ತಂದು, ದಾರಿಯಲ್ಲಿ ಬೇಕಾದೀತು ಎಂದು ಎಡಬದಿಯ ಸೀಟಿನಡಿ ಇಟ್ಟಿದ್ದೆ. ಅದರಲ್ಲಿ ನಲವತ್ತು ಬಗೆಯ ಸ್ಪ್ಯಾನರುಗಳಿದ್ದವು. ಶೈಲಜ ಅದನ್ನು ನೋಡಿ "ಚಂದ ಉಂಟು" ಎಂದಷ್ಟೇ ಹೇಳಿದ್ದಳು.

ಅದೇ ತಿಂಗಳು ಅವಳಿಗೆ ದೊಡ್ಡ ಆರ್ಡರ್ ಬಂತು. ಬಾಯಾರಿನಲ್ಲಿ ಒಂದು ಮದುವೆ. ಹುಡುಗಿಯ ತಂದೆಗೆ ಬಂದ ನೆಂಟರಿಗೆಲ್ಲ ಒಂದೊಂದು ಕರಿಬೇವಿನ ಸಸಿ ಕೊಟ್ಟು ಕಳಿಸಬೇಕೆಂಬ ಆಸೆ. ನಾನೂರು ಸಸಿ, ಭಾನುವಾರ ಬೆಳಿಗ್ಗೆ ಹತ್ತು ಗಂಟೆಯೊಳಗೆ ಚಪ್ಪರದಲ್ಲಿರಬೇಕು. "ಅಷ್ಟು ದೂರ ನೀವೇ ಗಾಡಿ ತರ್ತೀರಾ ಅಕ್ಕಾ? ಸಮಯಕ್ಕೆ ಬರ್ತದಲ್ಲ?" ಎಂದು ಅವರು ಎರಡು ಸಲ ಕೇಳಿದ್ದರಂತೆ. "ಬರ್ತದೆ, ನನ್ನ ಮಾತು" ಎಂದಿದ್ದಳು. ಹೀಗಿರುವಾಗ ಗಾಡಿಯ ಮುಂದಿನ ಎಡಬದಿಯಿಂದ ಕಟ ಕಟ ಎಂದು ಸದ್ದು ಬರಲಿಕ್ಕೆ ಶುರುವಾಯಿತು. ಗುಂಡಿ ಸಿಕ್ಕಿದರೆ ಒಮ್ಮೆ, ತಿರುವು ಸಿಕ್ಕಿದರೆ ಇನ್ನೊಮ್ಮೆ. "ಶಾಲೆಗೆ ಹೋಗುವಾಗ ಇದನ್ನೊಮ್ಮೆ ಮೂಸಚ್ಚನಿಗೆ ತೋರಿಸಿ ಬನ್ನಿ" ಎಂದಳು. ಮೂಸಚ್ಚ ಎಂದರೆ ನಮ್ಮ ಪೇಟೆಯ ಮೆಕ್ಯಾನಿಕ್. ನಾವು ಮೂಸಣ್ಣ ಅನ್ನಬಹುದಾದಲ್ಲಿ ಅವರ ಕಡೆಯವರು ಮೂಸಚ್ಚ ಅನ್ನುತ್ತಾರೆ, ಕೇಳಿ ಕೇಳಿ ನಮಗೂ ಅದೇ ಅಭ್ಯಾಸ. ಗಮನಿಸಿ, ಅವಳು ತೋರಿಸಿ ಬನ್ನಿ ಎಂದದ್ದು. ಬಿಚ್ಚಿ ಎಂದಿರಲಿಲ್ಲ.

ಗುರುವಾರ ಬೆಳಿಗ್ಗೆ ತೋರಿಸಿದೆ. ಮೂಸಚ್ಚ ಗಾಡಿಯಡಿ ನುಗ್ಗಿ, ಕಬ್ಬಿಣದ ಸರಳಿನಿಂದ ಅಲ್ಲಲ್ಲಿ ಮೀಟಿ, ಹೊರಗೆ ಬಂದು ಕೈ ಒರೆಸಿಕೊಂಡರು. "ಅಡಿಯಲ್ಲಿ ಎಂತ ತೊಂದರೆ ಇಲ್ಲ ಮಾಷ್ಟ್ರೇ. ರಬ್ಬರಿನ ಬುಷ್ ಎಲ್ಲ ಒಳ್ಳೆದುಂಟು. ಸಂಜೆ ಬನ್ನಿ, ಓಡಿಸಿ ನೋಡುವ." ನನಗೆ ಸಿಟ್ಟು ಬಂತು. ಎಂತ ತೊಂದರೆ ಇಲ್ಲ ಅನ್ನುವ ಮೆಕ್ಯಾನಿಕ್ಕನ್ನು ಯಾರು ನಂಬುತ್ತಾರೆ ಹೇಳಿ? ಮೆಕ್ಯಾನಿಕ್ ಎಂದರೆ ಬಾನೆಟ್ ಎತ್ತಿ, ತಲೆ ಅಲ್ಲಾಡಿಸಿ, "ಯಾರು ಇದರಲ್ಲಿ ಕೈ ಹಾಕಿದ್ದು?" ಎಂದು ಕೇಳಬೇಕು. ಆಗ ನಮಗೂ ಒಂದು ಭಕ್ತಿ ಬರುತ್ತದೆ. ಈ ಮನುಷ್ಯನಿಗೆ ವಯಸ್ಸಾಯಿತು, ಕಿವಿ ಮಂದವಾಗಿದೆ ಎಂದು ತೀರ್ಮಾನಿಸಿ, ಸಂಜೆ ಆ ಕಡೆ ತಲೆ ಹಾಕದೆ ನೇರ ಮನೆಗೆ ಬಂದೆ. ಶೈಲಜಳಿಗೆ "ಸಣ್ಣ ಕೆಲಸ, ನಾನೇ ಮಾಡ್ತೇನೆ" ಎಂದೆ. ಅವಳು ಸಸಿಗಳಿಗೆ ಕಾಗದ ಸುತ್ತುವ ಗಡಿಬಿಡಿಯಲ್ಲಿದ್ದಳು, ಸರಿಯಾಗಿ ಕೇಳಿಸಿಕೊಂಡಿರಲಾರಳು. ಕೇಳಿಸಿಕೊಂಡಿದ್ದರೆ ಗಾಡಿಯ ಕೀಲಿಕೈ ನನ್ನ ಕಣ್ಣಿಗೆ ಬೀಳುತ್ತಿರಲಿಲ್ಲ.

ಶನಿವಾರ ನನಗೆ ರಜೆ. ಅವಳು ಬಸ್ಸು ಹತ್ತಿ ನೆಕ್ರಾಜೆಯ ತಾಯಿಮನೆಗೆ ಹೋದಳು, ಲೆಕ್ಕಕ್ಕಿಂತ ನಾಲ್ಕು ಹೆಚ್ಚೇ ಇರಲಿ ಎಂದು ಅಲ್ಲಿ ನೆರಳಿನಲ್ಲಿ ಬೆಳೆಸಿದ್ದ ಕೆಲವು ಸಸಿ ತರಲಿಕ್ಕಿತ್ತು. ನಾನು ಕೆಂಪು ಪೆಟ್ಟಿಗೆಯನ್ನು ಸೀಟಿನಡಿಯಿಂದ ಎಳೆದು ಅಂಗಳಕ್ಕೆ ತಂದೆ, ಜಾಕಿ ಕೊಟ್ಟೆ, ಮುಂದಿನ ಎರಡೂ ಚಕ್ರ ತೆಗೆದೆ. ಚಕ್ರವನ್ನು ಗಾಡಿಗೆ ಹಿಡಿದಿಡುವ ಕಬ್ಬಿಣದ ತೋಳುಗಳಿಗೆ ಆರ್ಮು ಎನ್ನುತ್ತಾರೆ; ಕೆಳಗಿನ ಆರ್ಮಿನ ಮೇಲೆ ದಪ್ಪ ಸ್ಪ್ರಿಂಗ್ ಕುಳಿತಿತ್ತು. ಅದು ಹಾರಿದರೆ ನಾನು ಎಷ್ಟು ದೂರ ಹೋಗಿ ಬೀಳುತ್ತೇನೆಂದು ಲೆಕ್ಕ ಹಾಕಬಲ್ಲವನಾದ್ದರಿಂದ ಅದರ ಗೊಡವೆಗೆ ಹೋಗಲಿಲ್ಲ. ಶಾಕ್ ಅಬ್ಸಾರ್ಬರ್ ಬಿಚ್ಚಿದೆ, ಅಡ್ಡ ಸರಳಿನ ಕ್ಲಾಂಪ್ ಬಿಚ್ಚಿದೆ, ಮೇಲಿನ ಆರ್ಮುಗಳನ್ನು ಬಿಚ್ಚಿದೆ. ಆ ಆರ್ಮುಗಳನ್ನು ಗಾಡಿಯ ಚೌಕಟ್ಟಿಗೆ ಕೂರಿಸಿದಲ್ಲಿ, ಬೋಲ್ಟುಗಳ ಸಂದಿನಿಂದ ಸಣ್ಣ ಸಣ್ಣ ತಗಡಿನ ತುಂಡುಗಳು ಉದುರಿದವು. ಒಟ್ಟು ಎಂಟು. ಯಾವ ಕಡೆಯಿಂದ ಎಷ್ಟು ಬಿದ್ದವೆಂದು ನಾನು ನೋಡಲಿಲ್ಲ. ತಗಡಿನ ಚೂರನ್ನು ಯಾರು ನೋಡುತ್ತಾರೆ?

ಬಿಚ್ಚಿದ ಸಾಮಾನನ್ನು ಹಾಗೇ ರಾಶಿ ಹಾಕಲು ನಾನೇನು ಮೆಕ್ಯಾನಿಕ್ಕೇ? ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ನೆನೆಸಿ, ಪಾತ್ರೆ ತಿಕ್ಕುವ ಉಕ್ಕಿನ ನಾರಿನಿಂದ ಉಜ್ಜಿ, ಬೆಳ್ಳಿಯಂತೆ ಮಾಡಿದೆ. ಆಮೇಲೆ ಹಳೆಯ ಚಾಪೆಯ ಮೇಲೆ ಬೋಲ್ಟುಗಳನ್ನೆಲ್ಲ ಶಾಲೆಯ ಅಸೆಂಬ್ಲಿಯಲ್ಲಿ ಮಕ್ಕಳನ್ನು ನಿಲ್ಲಿಸುವ ಕ್ರಮದಲ್ಲಿ ಸಾಲಾಗಿ ಇಟ್ಟೆ, ಗಿಡ್ಡದವರು ಮುಂದೆ, ಎತ್ತರದವರು ಹಿಂದೆ. ಪಕ್ಕದ ಸಾಲಿನಲ್ಲಿ ನಟ್ಟುಗಳು, ಅದರಾಚೆ ವಾಷರುಗಳು. ನೋಡಿದರೆ ರಾಷ್ಟ್ರಗೀತೆ ಹಾಡಿಸಬೇಕು ಅನ್ನಿಸುವಂತಿತ್ತು. ಒಂದು ಫೋಟೊ ತೆಗೆದು ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿಗೆ ಹಾಕಿದೆ. ಐದು ನಿಮಿಷದಲ್ಲಿ ಹೆಬ್ಬೆರಳುಗಳ ಸುರಿಮಳೆ. ಸ್ಕೂಟರಿನ ಟಯರ್ ಪಂಕ್ಚರ್ ಆದರೆ ರಜೆ ಹಾಕುವ ಹಿಂದಿ ಮಾಷ್ಟ್ರು "ಇದು ನಿಜವಾದ ಸ್ವಾವಲಂಬನೆ" ಎಂದು ಬರೆದರು. ನಾನು ಅದನ್ನು ಮೂರು ಸಲ ಓದಿದೆ.

ಜೋಡಿಸುವಾಗ ಸ್ವಲ್ಪ ಗೊಂದಲವಾಯಿತು. ಚಾಪೆಯ ಮೇಲಿದ್ದ ಬೋಲ್ಟುಗಳಲ್ಲಿ ಯಾರು ಹಿರಿಯರು ಯಾರು ಕಿರಿಯರು ಎಂದು ನನಗೆ ಗೊತ್ತಿತ್ತು, ಯಾರ ಮನೆ ಯಾವುದೆಂದು ಮಾತ್ರ ಗೊತ್ತಿರಲಿಲ್ಲ. ಒಂದು ಬೋಲ್ಟು ತೂತಿನಿಂದ ಇಷ್ಟುದ್ದ ಹೊರಗೆ ಚಾಚಿತು. ಇನ್ನೊಂದರ ತುದಿಗೆ ನಟ್ಟು ಒಂದೇ ಸುತ್ತು ಸಿಕ್ಕಿತು. ಹೋಗಲಿ, ಸಿಕ್ಕಿತಲ್ಲ. ಆ ಎಂಟು ತಗಡುಗಳ ವಿಷಯದಲ್ಲಿ ಮಾತ್ರ ನನಗೆ ಯಾವ ಸಂಶಯವೂ ಇರಲಿಲ್ಲ. ಎರಡು ಆರ್ಮು, ಒಂದೊಂದಕ್ಕೆ ಮುಂದೊಂದು ಹಿಂದೊಂದು ಜಾಗ, ಒಟ್ಟು ನಾಲ್ಕು. ಎಂಟನ್ನು ನಾಲ್ಕರಿಂದ ಭಾಗಿಸಿದರೆ ಎರಡು. ಮಧ್ಯಾಹ್ನದ ಊಟಕ್ಕೆ ಮಕ್ಕಳಿಗೆ ಮೊಟ್ಟೆ ಹಂಚಿ ಪಳಗಿದ ಕೈ ಇದು. ಒಬ್ಬನಿಗೆ ಹೆಚ್ಚು ಇನ್ನೊಬ್ಬನಿಗೆ ಕಡಿಮೆ ಮಾಡುವ ಪಾಪ ಈ ಕೈಯಿಂದ ಆಗಲಾರದು. ಎಲ್ಲ ಕಡೆಗೂ ಎರಡೆರಡು ಹಾಕಿ ಬಿಗಿದೆ.

ಮೂರು ಗಂಟೆಗೆ ಗಾಡಿ ಸ್ಟಾರ್ಟ್ ಮಾಡಿದೆ. ಅಂಗಳ ದಾಟಿ, ನರ್ಸರಿಯ ಬದಿಯ ಗುಂಡಿಗಳ ಮೇಲೆ ಬೇಕೆಂದೇ ಬಿಟ್ಟೆ. ಸದ್ದಿಲ್ಲ! ಇನ್ನೊಮ್ಮೆ ಬಿಟ್ಟೆ. ಇಲ್ಲವೇ ಇಲ್ಲ! ಅಯ್ಯೋ, ಆ ಕ್ಷಣದ ಖುಷಿಯನ್ನು ಹೇಗೆ ಹೇಳಲಿ? ಒಂದು ಕೈ ಬಿಟ್ಟು ಮೀಸೆ ಮುಟ್ಟಿಕೊಂಡೆ. ಅಷ್ಟರಲ್ಲಿ ಗಾಡಿ ತನ್ನಷ್ಟಕ್ಕೆ ಬದಿಗೆ ಹೊರಳಿತು. ಸ್ಟಿಯರಿಂಗ್ ನೇರ ಇದೆ, ಗಾಡಿ ನೇರ ಇಲ್ಲ. ನಾನು ಬಲಕ್ಕೆ ಎಳೆದಷ್ಟೂ ಅದು ಎಡಕ್ಕೆ ಎಳೆಯಿತು. ಬ್ರೇಕು ಒತ್ತುವಾಗ ಮುಂದಿನ ಚಕ್ರ ಸಸಿಗಳ ಮೇಲೆ ಕಟ್ಟಿದ್ದ ನೆರಳಿನ ಬಲೆಯೊಳಗಿತ್ತು. ಇಳಿದು ನೋಡಿದರೆ ಹನ್ನೊಂದು ಸಸಿ ನೆಲಕ್ಕೆ ಅರೆದುಹೋಗಿ, ಸುತ್ತೆಲ್ಲ ಒಗ್ಗರಣೆಗೆ ಹಾಕಿದಂಥ ಘಮ ಎದ್ದಿತ್ತು. ಎದುರಿನಲ್ಲಿ ಎರಡು ಕೈಯಲ್ಲೂ ಚೀಲ ಹಿಡಿದುಕೊಂಡು ಶೈಲಜ ನಿಂತಿದ್ದಳು.

"ಸದ್ದು ಹೋಯ್ತು" ಎಂದೆ.

ಅವಳು ಚೀಲ ಕೆಳಗಿಟ್ಟು, ಗಾಡಿ ಹತ್ತಿ, ಹಿಂದೆ ತೆಗೆದು, ರಸ್ತೆಯ ತಿರುವಿನವರೆಗೆ ಹೋಗಿ ಬಂದಳು. ಮುಖ ಬಿಳಿಚಿತ್ತು. "ಇದನ್ನು ನಾಳೆ ಬಾಯಾರಿಗೆ ಕೊಂಡುಹೋಗಬೇಕಾ ನಾನು? ರಸ್ತೆ ಬದಿಯ ಮೊದಲ ತೋಡಿಗೇ ಇಳೀತದೆ ಇದು. ಬಿಚ್ಚುವ ಮೊದಲು ಒಂದು ಫೋಟೊ ತೆಗೀಲಿಕ್ಕೆ ಆಗ್ಲಿಲ್ವಾ ಮಾರಾಯ್ರೇ?"

"ಬಿಚ್ಚಿದ ಮೇಲೆ ತೆಗೆದಿದ್ದೇನೆ" ಎಂದು ಫೋನ್ ಚಾಚಿದೆ. ಅವಳು ಅದನ್ನು ನೋಡಿದ ರೀತಿ ನೋಡಿ ಜೇಬಿಗೆ ಹಾಕಿಕೊಂಡೆ.

"ಬೇರೆ ಗಾಡಿ ಮಾಡಿದರೆ ಆಗದಾ?" ಎಂದೆ.

"ನಾಳೆ ಇಡೀ ಊರಲ್ಲಿ ಮದುವೆ. ಯಾವ ಗಾಡಿ ಸಿಗ್ತದೆ? ಸಮಯಕ್ಕೆ ಬರ್ತದೆ ಅಂತ ಮಾತು ಕೊಟ್ಟದ್ದು ನಾನು, ನೀವಲ್ಲ." ಜಗಳ ಮಾಡಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಅವಳು ಆಚೆ ತಿರುಗಿ ಹನ್ನೊಂದು ಸಸಿಗಳನ್ನು ಹೆಕ್ಕಲು ಕುಳಿತಳು, ನನಗೆ ನಿಜವಾಗಿ ನಾಚಿಕೆಯಾಯಿತು. ಮೂಸಚ್ಚನಿಗೆ ನಾನೇ ಫೋನ್ ಮಾಡಿದೆ.

ಸಂಜೆಯ ಅಸರ್ ನಮಾಜು ಮುಗಿಸಿ ಮೂಸಚ್ಚ ಬಂದರು. ಚಕ್ರ ತೆಗೆದು ಒಳಗೆ ಇಣುಕಿ, ತಲೆ ಅಲ್ಲಾಡಿಸಿ, "ಯಾರು ಇದರಲ್ಲಿ ಕೈ ಹಾಕಿದ್ದು?" ಎಂದರು. ಗುರುವಾರ ನಾನು ಬಯಸಿದ್ದ ಮಾತು ಶನಿವಾರ ಸಿಕ್ಕಿತು. ಎಲ್ಲವನ್ನೂ ಮತ್ತೆ ಬಿಚ್ಚಿ ಒಂದೊಂದೇ ಬೋಲ್ಟನ್ನು ಬೆಳಕಿಗೆ ಹಿಡಿದರು. "ಇಷ್ಟು ಚಂದ ತೊಳೆದದ್ದು ಯಾಕೆ ಮಾಷ್ಟ್ರೇ? ಮಣ್ಣು ಇದ್ದಿದ್ರೆ ಎಲ್ಲಿಯದ್ದು ಅಂತ ಮಣ್ಣೇ ಹೇಳ್ತಿತ್ತು." ಆಮೇಲೆ ಕಣ್ಣು ಮುಚ್ಚಿ ಬೋಲ್ಟಿನ ಮೈಮೇಲೆ ಹೆಬ್ಬೆರಳು ಸವರತೊಡಗಿದರು. ಬುಷ್ ಕೂತು ಸವೆದ ಜಾಗ ಬೆರಳಿಗೆ ಗೊತ್ತಾಗುತ್ತದಂತೆ. "ಇದು ಶಾಕಿನ ಅಡಿಯದ್ದು. ಇದು ಕ್ಲಾಂಪಿಂದು. ಇದು ಎಡದ ಆರ್ಮಿಂದು, ತಲೆ ಒಳಗೆ ಬರ್ಬೇಕು." ಅಸೆಂಬ್ಲಿ ಚದುರಿ ಎಲ್ಲರೂ ತಂತಮ್ಮ ಮನೆಗೆ ಹೋದರು.

"ತಗಡು ಎಷ್ಟೆಷ್ಟು ಹಾಕಿದ್ರಿ?"

"ಎರಡೆರಡು. ಸಮಪಾಲು" ಎಂದೆ, ತುಸು ಹೆಮ್ಮೆಯಿಂದಲೇ.

ಮೂಸಚ್ಚ ನನ್ನನ್ನು ಕರುಣೆಯಿಂದ ನೋಡಿದರು. "ಮೀನಿನ ಕಾಲದಲ್ಲಿ ಈ ಗಾಡಿ ಒಂದು ಕೆಂಪುಕಲ್ಲಿನ ಗೋಡೆಗೆ ಹೊಡೆದದ್ದುಂಟು. ಚೌಕಟ್ಟೇ ಸ್ವಲ್ಪ ವಾರೆ. ಆ ವಾರೆಗೆ ಸರಿಯಾಗಿ ನಾನೇ ತಗಡು ಕೂರಿಸಿದ್ದು. ಎಡದ ಮುಂದೆ ಮೂರು, ಹಿಂದೆ ಎರಡು. ಬಲದ ಮುಂದೆ ಒಂದು, ಹಿಂದೆ ಎರಡು. ನೀವು ನ್ಯಾಯ ಮಾಡ್ಲಿಕ್ಕೆ ಹೋದ್ರಿ. ಗಾಡಿ ವಾರೆ ಇರುವಾಗ ನ್ಯಾಯ ಮಾಡಿದ್ರೆ ಅದು ತೋಡಿಗೆ ಹೋಗ್ತದೆ ಮಾರಾಯ್ರೇ." ಎಷ್ಟೋ ವರ್ಷದ ಹಿಂದೆ ಹಾಕಿದ ತಗಡಿನ ಲೆಕ್ಕ ಅವರ ಬಾಯಲ್ಲಿತ್ತು. ಕಿವಿ ಮಂದವಾಗಿದೆ ಎಂದು ನಾನು ತೀರ್ಮಾನಿಸಿದ್ದ ಮನುಷ್ಯ ಇವರೇ. ಬಿಗಿದಾದ ಮೇಲೆ ಹಿಂದಿನ ಚಕ್ರದಿಂದ ಮುಂದಿನ ಚಕ್ರಕ್ಕೆ ಒಂದು ನೂಲು ಎಳೆದು, ಒಂದು ಕಣ್ಣು ಮುಚ್ಚಿ ನೋಡಿ, ಎರಡು ಸಲ ತಿದ್ದಿ, ಶೈಲಜಳನ್ನು ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದರು. ಗಾಡಿ ಪಾಠ ಒಪ್ಪಿಸುವ ಮಗುವಿನ ಹಾಗೆ ನೇರ ಬಂತು.

"ಒಂದು ಮಾತ್ರ ಒಪ್ಪಬೇಕು ಮೂಸಚ್ಚ" ಎಂದೆ. "ಸದ್ದು ಹೋದದ್ದು ನನ್ನ ಕೈಯಿಂದಲೇ."

ಅವರು ಅಂಗಳದಲ್ಲಿ ಬಿದ್ದಿದ್ದ ನನ್ನ ಕೆಂಪು ಪೆಟ್ಟಿಗೆಯನ್ನೊಮ್ಮೆ, ಶೈಲಜಳನ್ನೊಮ್ಮೆ ನೋಡಿ ನಕ್ಕರು. "ಹೋಗದೆ ಎಂತ ಮಾಡ್ತದೆ ಮಾಷ್ಟ್ರೇ" ಎಂದರು. ಅದನ್ನು ನಾನು ಹೊಗಳಿಕೆ ಎಂದು ತೆಗೆದುಕೊಂಡೆ. ಹಿಂದಿ ಮಾಷ್ಟ್ರಿಗೆ "ಸದ್ದು ಸಂಪೂರ್ಣ ನಿವಾರಣೆ" ಎಂದು ಸಂದೇಶ ಕಳಿಸಿದೆ.

ಭಾನುವಾರ ಏಳು ಗಂಟೆಗೆ ಹೊರಟೆವು. ಬಿದ್ದುಹೋದ ಹನ್ನೊಂದರ ಜಾಗ ನೆಕ್ರಾಜೆಯ ಸಸಿಗಳಿಂದ ತುಂಬಿತ್ತು. ನಾನೂ ಜೊತೆಗೆ ಹೋಗುವುದೆಂದಾಯಿತು, ಇಳಿಸಲಿಕ್ಕೆ ಒಂದು ಜನ ಬೇಕಲ್ಲ. ಹತ್ತುವ ಮೊದಲು ಕೆಂಪು ಪೆಟ್ಟಿಗೆಯನ್ನು ಜಾಗ್ರತೆಯಿಂದ ಅದರ ಜಾಗದಲ್ಲಿ, ನನ್ನ ಸೀಟಿನಡಿ ಇಟ್ಟೆ. ಚೆರ್ಕಳ ಬರುವ ಮೊದಲೇ ಒಂದು ಗುಂಡಿ ಸಿಕ್ಕಿತು.

ಕಟ.

ಸದ್ದು ನನ್ನ ಕಾಲಿನ ಬುಡದಿಂದಲೇ ಬಂತು. ಪೆಟ್ಟಿಗೆ ಸರಿದು ಸೀಟಿನ ಕಬ್ಬಿಣದ ಕಾಲಿಗೆ ಬಡಿದಿತ್ತು. ಹತ್ತು ದಿನದ ಸದ್ದು, ಗುರುವಾರದ ಸಿಟ್ಟು, ಶನಿವಾರದ ಅಸೆಂಬ್ಲಿ, ಎಲ್ಲವೂ ಒಂದೇ ಸಲ ಕಣ್ಣ ಮುಂದೆ ಬಂದವು. ಓರೆಗಣ್ಣಿನಿಂದ ಶೈಲಜಳನ್ನು ನೋಡಿದೆ. ಅವಳು ರಸ್ತೆ ನೋಡುತ್ತಿದ್ದಳು. ಕೇಳಿಸಿಲ್ಲ! ನಾನು ನಿಧಾನವಾಗಿ ಎರಡೂ ಹಿಮ್ಮಡಿಗಳನ್ನು ಹಿಂದಕ್ಕೆ ತಂದು ಪೆಟ್ಟಿಗೆಯನ್ನು ಸೀಟಿನ ಕಾಲಿಗೆ ಒತ್ತಿ ಹಿಡಿದೆ. ಕುಂಬಳೆ ದಾಟುವಾಗ ಮೀನಖಂಡ ಬಿಗಿಯಿತು. ಆಮೇಲೆ ಶುರುವಾದ ತಿರುವುಗಳಲ್ಲಿ ತೊಡೆ ನಡುಗತೊಡಗಿತು. "ಯಾಕೆ ಬೆವರ್ತಾ ಇದ್ದೀರಿ?" ಎಂದಳು. "ಸೆಖೆ" ಎಂದೆ. ಒಂಬತ್ತೂವರೆಗೆ ಚಪ್ಪರದ ಎದುರು ಗಾಡಿ ನಿಂತಾಗ ಹುಡುಗಿಯ ತಂದೆ ಓಡಿ ಬಂದರು. "ಬಂದ್ರಲ್ಲ ಅಕ್ಕಾ, ಹೇಳಿದ ಸಮಯಕ್ಕೆ ಮೊದಲೇ!" ಅವಳ ಮುಖದಲ್ಲಿ ಆಗ ಬಂದ ಬೆಳಕನ್ನು ನಾನು ಕೂತಲ್ಲಿಂದಲೇ ನೋಡಬೇಕಾಯಿತು. ಕಾಲು ನನ್ನ ಮಾತು ಕೇಳುತ್ತಿರಲಿಲ್ಲ. ಇಳಿಯಲು ಹೋಗಿ ಬಾಗಿಲು ಹಿಡಿದು ಜೋತುಬಿದ್ದೆ. ಯಾರೋ ಪುಣ್ಯಾತ್ಮರು ಕುರ್ಚಿ ತಂದರು. ಸಸಿ ಇಳಿಸಲಿಕ್ಕೆ ಬಂದ ಜನ ಕುರ್ಚಿಯಲ್ಲಿ ಕೂತು ಪಾನಕ ಕುಡಿಯಿತು. ಸಸಿಗಳನ್ನು ಮದುವೆಮನೆಯವರು ಇಳಿಸಿದರು.

ಎಲ್ಲ ಮುಗಿದ ಮೇಲೆ ಶೈಲಜ ಬಂದು ನನ್ನ ಪಕ್ಕ ನಿಂತಳು.

"ಹೋಗುವಾಗ ಆ ಪೆಟ್ಟಿಗೆಯನ್ನು ಹಿಂದೆ ಹಾಕಿ" ಎಂದಳು. "ಸದ್ದು ಅದರದ್ದೇ ಅಂತ ಮೂಸಚ್ಚ ನಿನ್ನೆಯೇ ಹೇಳಿದ್ದಾರೆ."

"ನಿನ್ನೆಯೇ? ಮತ್ತೆ ದಾರಿಯಲ್ಲಿ ಯಾಕೆ ಹೇಳಲಿಲ್ಲ?"

"ಎಷ್ಟು ದೂರ ಹಿಡ್ಕೊಳ್ತೀರಿ ಅಂತ ನೋಡುವ ಅಂತ."

ಸೋಮವಾರ ಒಂಬತ್ತನೇ ತರಗತಿಗೆ ಘರ್ಷಣೆಯ ಪಾಠವಿತ್ತು. ಕೂತುಕೊಂಡೇ ಮಾಡಿದೆ.