ನೂರ ಮೂವತ್ತೆಂಟು ಪೌಂಡಿನ ದೆವ್ವ

ದೆವ್ವಗಳಲ್ಲಿ ತಮಗೆ ನಂಬಿಕೆಯಿಲ್ಲ ಎಂದು ಹೇಳಿಕೊಂಡು ಓಡಾಡುವವರನ್ನು ಪೂರ್ತಿ ನಂಬಬೇಡಿ. ಅವರು ಹಾಗೆ ಹೇಳುವುದು ನಾಲ್ಕು ಜನರ ನಡುವೆ, ಕೈಯಲ್ಲಿ ಬಿಸಿ ಕಾಫಿ ಇರುವಾಗ. ನಾನೂ ಆ ಪೈಕಿಯವನೇ. ಪ್ರಿನ್ಸ್‌ಟನ್ ಹತ್ತಿರದ ಔಷಧ ಕಂಪನಿಯೊಂದರಲ್ಲಿ ಇಪ್ಪತ್ತಾರು ವರ್ಷಗಳಿಂದ ಸಂಖ್ಯಾಶಾಸ್ತ್ರದ ಕೆಲಸ ಮಾಡುತ್ತಿರುವ ನನಗೆ ಅಂಕಿಗಳ ಮೇಲಿರುವಷ್ಟು ಭರವಸೆ ಬದುಕಿರುವ ಮನುಷ್ಯರ ಮೇಲೇ ಇಲ್ಲ, ಇನ್ನು ಸತ್ತವರ ಮೇಲೆ ಎಲ್ಲಿಂದ ಬರಬೇಕು? ಪಾರ್ಟಿಗಳಲ್ಲಿ ಯಾರಾದರೂ ಆಂಟಿ ತಮ್ಮ ಬೇಸ್‌ಮೆಂಟಿನಲ್ಲಿ ಕೇಳಿಸುವ ಹೆಜ್ಜೆ ಸಪ್ಪಳದ ಬಗ್ಗೆ ಶುರು ಮಾಡಿದರೆ, “ಹೀಟರ್ ಪೈಪು ಇರಬೇಕು, ಪ್ಲಂಬರ್‌ಗೆ ತೋರಿಸಿ” ಎಂದು ಕಥೆಯ ಕುತ್ತಿಗೆ ಹಿಸುಕುವವನು ನಾನೇ. ಅಂಥ ನಾನು ಕಳೆದ ಫಾಲ್‌ನಲ್ಲಿ, ಎಲೆ ಉದುರುವ ಕಾಲದಲ್ಲಿ, ಹಾಡಹಗಲೇ, ನಮ್ಮ ಡ್ರೈವ್‌ವೇ ಪಕ್ಕದ ಹುಲ್ಲಿನ ಮೇಲೆ ನಿಂತಿದ್ದ ಒಂದು ಟ್ರೇಲರಿನ ಕಿಟಕಿಯ ಕಡೆಗೆ ಕಣ್ಣೆತ್ತಿ ನೋಡಲು ಹೆದರುತ್ತಿದ್ದೆ.

ಟ್ರೇಲರ್, ಅಂದರೆ ಗಾಡಿಗೆ ಕಟ್ಟಿ ಎಳೆದೊಯ್ಯುವ ಮನೆ, ಬಂದದ್ದು ನನ್ನ ಹೆಂಡತಿ ಸುಮಿತ್ರಾಳ ಆಸೆಯಿಂದ. ಅವಳು ಧಾರವಾಡದವಳು. ಆಸ್ಪತ್ರೆಯ ಲ್ಯಾಬಿನಲ್ಲಿ ವರ್ಷಗಟ್ಟಲೆ ಕಂಡವರ ರಕ್ತ ನೋಡಿ ನೋಡಿ ಆಗಷ್ಟೇ ನಿವೃತ್ತಳಾಗಿದ್ದಳು. “ಈ ದೇಶಕ್ಕ ಬಂದು ಮೂವತ್ತು ವರ್ಷ ಆತು, ನಾ ನೋಡಿದ್ದು ಟರ್ನ್‌ಪೈಕ್ ರೋಡ್ ಒಂದ. ಇನ್ನರೆ ನಾಕು ಊರು ನೋಡೂಣ್ರಿ. ಹೋಟೆಲ್ಲಿನ ಬ್ರೆಡ್ ತಿನ್ನೂದು ನನ್ನ ಕೈಲೆ ಆಗೂದಿಲ್ಲ, ಮನೀನ ಜೋಡೀಲೆ ಒಯ್ಯೂಣು” ಎಂದಳು. ಅದರ ಹಿಂದೆಯೇ ಒಂದು ಷರತ್ತನ್ನೂ ಹಾಕಿದಳು. “ಆದ್ರ ತೂಕದ್ದು ಎಲ್ಲಾ ಸರಿ ನೋಡ್ರಿ. ಇಳುಕಲಿನಾಗ ಹಿಂದಿನ ಮನಿ ಮುಂದಿನ ಗಾಡೀನ ನೂಕ್ಕೊಂಡು ಹೋಗೋ ವಿಡಿಯೋ ನೋಡೀನಿ. ಲೆಕ್ಕ ಕೂಡಲಿಲ್ಲಂದ್ರ ನಾ ಹತ್ತೂದಿಲ್ಲ.” ಲೆಕ್ಕ ಎಂಬ ಮಾತು ಕಿವಿಗೆ ಬಿದ್ದೊಡನೆ ನನ್ನ ಎದೆ ಎರಡಿಂಚು ಉಬ್ಬಿತು.

ಫಿಫ್ತ್ ವೀಲ್ ಎಂಬ ಈ ಜಾತಿಯ ಟ್ರೇಲರನ್ನು ಕಾರಿನ ಬಾಲಕ್ಕೆ ಕಟ್ಟಿ ಎಳೆಯಲಾಗುವುದಿಲ್ಲ. ಅದರ ಮುಂಭಾಗ ಅಟ್ಟದ ಹಾಗೆ ಮೇಲೆದ್ದಿರುತ್ತದೆ. ಪಿಕಪ್ ಟ್ರಕ್ಕಿನ ತೊಟ್ಟಿಯಲ್ಲಿ ಕೂರಿಸಿದ ದೊಡ್ಡ ಕೊಂಡಿಯ ಮೇಲೆ ಆ ಅಟ್ಟ ಬಂದು ಕೂರುತ್ತದೆ. ಆ ಅಟ್ಟದಲ್ಲೇ ಮಲಗುವ ಕೋಣೆ. ಟ್ರಕ್ಕು ಎಷ್ಟು ಎಳೆಯುತ್ತದೆ ಎಂದು ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಬೆನ್ನ ಮೇಲೆ ಎಷ್ಟು ಹೊರುತ್ತದೆ ಎಂಬುದನ್ನು ಮಾತ್ರ ಡ್ರೈವರ್ ಬಾಗಿಲಿನ ಸಂದಿಯಲ್ಲಿ ಒಂದು ಹಳದಿ ಚೀಟಿಯಲ್ಲಿ ಅಂಟಿಸಿರುತ್ತಾರೆ. ಎಳೆಯುವ ಲೆಕ್ಕ ನೋಡಿ ಮೋಸ ಹೋಗುವವರೇ ಹೆಚ್ಚು. ನಾನು ಮೋಸ ಹೋಗುವವನೇ? ಹಳೆಯ ಟ್ರಕ್ಕೊಂದನ್ನು ಕೊಂಡ ದಿನವೇ ಟ್ಯಾಂಕು ತುಂಬಿಸಿ, ಕೊಂಡಿ ಕೂರಿಸಿ, ಸ್ಟಿಯರಿಂಗ್ ಹಿಂದೆ ನಾನೇ ಕೂತು, ಲಾರಿಗಳನ್ನು ತೂಗುವ ಹೆದ್ದಾರಿಯ ತೂಕದಕಟ್ಟೆಗೆ ಹೋಗಿ ತೂಗಿಸಿಕೊಂಡು ಬಂದಿದ್ದೆ.

ಟ್ರೇಲರ್ ಸಿಕ್ಕಿದ್ದು ಜೆರ್ಸಿಯ ವಾಯವ್ಯ ಮೂಲೆಯ ಗುಡ್ಡಗಳ ನಡುವೆ, ವಾಲ್ಟ್ ಎಂಬ ಮುದುಕನ ಹತ್ತಿರ. ನಾನು ಹೋದಾಗ ಬೆಳಗಿನ ಹತ್ತು ಗಂಟೆ. ಆದರೂ ಮಂಜು ಕರಗಿರಲಿಲ್ಲ. ಟ್ರೇಲರಿನ ಬಿಳಿ ಬೆನ್ನು ಮಾತ್ರ ಮಂಜಿನೊಳಗಿಂದ ಕಾಣುತ್ತಿತ್ತು. ಮುದುಕ ಪ್ರತಿ ಸ್ವಿಚ್ಚನ್ನೂ ತೋರಿಸಿದ, ತೂಗಿಸಿದ ಹಳೆಯ ಚೀಟಿಗಳನ್ನು ಜೋಡಿಸಿಕೊಟ್ಟ. ಅಟ್ಟದ ಕೋಣೆಗೆ ಹೋಗುವ ಮೂರು ಮೆಟ್ಟಿಲ ಹತ್ತಿರ ಮಾತ್ರ ನಿಂತುಬಿಟ್ಟ. ತಾನೂ ಹೆಂಡತಿಯೂ ಹನ್ನೊಂದು ವರ್ಷ ಇದರಲ್ಲೇ ಬಾಳಿದೆವೆಂದೂ, ಒಂದು ಮಧ್ಯಾಹ್ನ ಊಟವಾದ ಮೇಲೆ ಅವಳು ಸ್ವಲ್ಪ ಅಡ್ಡಾಗುತ್ತೇನೆಂದು ಮೇಲೆ ಹೋದವಳು ಇಳಿಯಲಿಲ್ಲವೆಂದೂ ಹೇಳಿದ. ನಾನೊಬ್ಬನೇ ಹತ್ತಿ ನೋಡಿದೆ. ಹಾಸಿಗೆಯ ಬಲಗಡೆ, ಕಿಟಕಿಯ ಪಕ್ಕ, ಒಂದು ಆಳು ಮಲಗಿದಷ್ಟು ತಗ್ಗು. ಸುಮಿತ್ರಾಳಿಗೆ ಈ ಸಂಗತಿ ಹೇಳಲಿಲ್ಲ. ಹಾಸಿಗೆಯನ್ನಷ್ಟೇ ಬದಲಾಯಿಸಿದೆ.

ಆಮೇಲೆ ಶುರುವಾಯಿತು ಕಂಪ್ಯೂಟರಿನಲ್ಲಿ ನನ್ನ ಲೆಕ್ಕದ ಶೀಟು. ಟ್ರಕ್ಕು, ಟ್ರೇಲರು, ನೀರು, ಗ್ಯಾಸು. ಸ್ನಾನದ ಮನೆಯ ತೂಕದ ಯಂತ್ರವನ್ನು ಅಡುಗೆಮನೆಗೆ ತಂದು ಅಕ್ಕಿ ಚೀಲ, ಮೂರು ಕುಕ್ಕರು, ಗ್ರೈಂಡರು, ಜೋಳದ ಹಿಟ್ಟು, ಉಪ್ಪಿನಕಾಯಿ ಭರಣಿ ಎಲ್ಲ ತೂಗಿ ಬರೆದೆ. ಒಗ್ಗರಣೆ ಸೌಟು ತೀರಾ ಹಗುರವೆಂದು ಯಂತ್ರ ತೋರಿಸದಿದ್ದಾಗ ಅದನ್ನು ಹಿಡಿದು ನಾನೇ ಮೇಲೆ ಹತ್ತಿ, ಇಳಿದು, ಕಳೆದು ಬರೆದೆ. ಎಲ್ಲ ಕೂಡಿಸಿದರೂ ಟ್ರಕ್ಕಿನ ಬೆನ್ನಿಗೆ ಇನ್ನೂ ಅರವತ್ತು ಪೌಂಡು ಹೊರುವ ಜಾಗ ಉಳಿದಿತ್ತು. ನಮ್ಮ ಮದುವೆಯ ಜಾತಕವೂ ಇಷ್ಟು ಚೆನ್ನಾಗಿ ಕೂಡಿರಲಿಲ್ಲ.

ಇಬ್ಬರೂ ಹೋಗಿ ತೂಗಿಸಿದೆವು. ಟ್ರಕ್ಕನ್ನೂ ಟ್ರೇಲರನ್ನೂ ಬೇರೆ ಬೇರೆಯಾಗಿ ತೂಗಿದ ಚೀಟಿ ಬಂತು. ನನ್ನ ಲೆಕ್ಕಕ್ಕಿಂತ ನೂರ ಮೂವತ್ತೆಂಟು ಪೌಂಡು ಹೆಚ್ಚು. ಅದೂ ಟ್ರೇಲರಿನ ಚಕ್ರಗಳ ಮೇಲಲ್ಲ, ಟ್ರಕ್ಕಿನ ಮೇಲೆ. ಮನೆಗೆ ಬಂದು ಗ್ರೈಂಡರ್ ಇಳಿಸಿ, ಶೀಟಿನಲ್ಲೂ ಅಳಿಸಿ, ಮರುವಾರ ಮತ್ತೆ ಹೋದೆವು. ನೂರ ಮೂವತ್ತೆಂಟು ಹೆಚ್ಚು. ಎಲ್ಲಾ ಸಾಮಾನು ಇಳಿಸಿ, ನೀರು ಬಸಿದು ಹೋದೆವು. ನೂರ ಮೂವತ್ತೆಂಟು. ನನ್ನ ಕೆಲಸದಲ್ಲಿ ತಪ್ಪುಗಳು ಅತ್ತಿತ್ತ ಓಲಾಡುತ್ತವೆ. ಹೀಗೆ ಒಂದೇ ಜಾಗದಲ್ಲಿ ಅಲುಗಾಡದೆ ಕೂರುವುದಿಲ್ಲ. ಮೂರೂ ಚೀಟಿಗಳನ್ನು ಮುಂದೆ ಹರಡಿಕೊಂಡು ಕೂತೆ. ಟ್ರಕ್ಕಿನ ಬೆನ್ನ ಮೇಲೆ ಬರುವುದು ಟ್ರೇಲರಿನ ಯಾವ ಭಾಗ? ಅಟ್ಟದ ಕೋಣೆ. ನೂರ ಮೂವತ್ತೆಂಟು ಪೌಂಡು ಎಂದರೆ ಏನು? ಒಂದು ಸಾಧಾರಣ ಮೈಕಟ್ಟಿನ ಹೆಂಗಸು.

ಅಲ್ಲಿಂದ ಮುಂದೆ ನನಗೆ ಕಾಣಬಾರದ್ದೆಲ್ಲ ಕಾಣತೊಡಗಿತು. ಮನೆಯಿಂದಲೇ ಕೆಲಸ ಮಾಡುವ ದಿನಗಳಲ್ಲಿ ನನ್ನ ಮೇಜಿನಿಂದ ಟ್ರೇಲರಿನ ಮೇಲಿನ ಕಿಟಕಿ ಕಾಣುತ್ತದೆ. ಬೆಳಿಗ್ಗೆ ಮುಚ್ಚಿದ್ದ ಪರದೆ ಮಧ್ಯಾಹ್ನ ಎರಡರ ಹೊತ್ತಿಗೆ ಅರ್ಧ ಸರಿದಿರುತ್ತಿತ್ತು. ಒಂದು ದಿನ ನಾನು ನೋಡುತ್ತಿದ್ದ ಹಾಗೆಯೇ ಅದು ಮೆಲ್ಲಗೆ ಸರಿಯಿತು. ಸಂಜೆ ಧೈರ್ಯ ಮಾಡಿ ಒಳಗೆ ಹೋದರೆ, ಹೊಸ ಹಾಸಿಗೆಯ ಬಲಗಡೆ ಅದೇ ತಗ್ಗು. ಮುಟ್ಟಿದರೆ ಬೆಚ್ಚಗಿದೆಯೇನೋ ಅನ್ನಿಸಿತು. ಯಾರಿಗೂ ಹೇಳದೆ ಕೋಣೆಯ ಮೂಲೆಯಲ್ಲಿ ಒಂದು ನಿಂಬೆಹಣ್ಣು ಇಟ್ಟು ಬಂದೆ. ಮರುದಿನ ನಿಂಬೆಹಣ್ಣು ಇರಲಿಲ್ಲ. ಅವತ್ತು ಊಟಕ್ಕೆ ಸುಮಿತ್ರಾ ಚಿತ್ರಾನ್ನ ಬಡಿಸಿದಳು.

ಕೊನೆಗೊಂದು ದಿನ, ಅವಳು ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾಗ, ನಾನೊಬ್ಬನೇ ಗಾಡಿ ಜೋಡಿಸಿಕೊಂಡು ತೂಕದಕಟ್ಟೆಗೆ ಹೋದೆ. ಚೀಟಿಯನ್ನು ಎರಡೆರಡು ಸಲ ಓದಿದೆ. ಲೆಕ್ಕ ಕರಾರುವಾಕ್ಕಾಗಿ ಕೂಡಿತ್ತು. ನೂರ ಮೂವತ್ತೆಂಟು ಪೌಂಡು ಮಾಯ! ಅಂದರೆ ಅದು ಟ್ರೇಲರಿಗೆ ಅಂಟಿಕೊಂಡದ್ದಲ್ಲ, ಸುಮಿತ್ರಾ ಬಂದರೆ ಮಾತ್ರ ಬರುತ್ತದೆ. ನನ್ನ ಹೆಂಡತಿಯ ಬೆನ್ನು ಹತ್ತಿದೆ! ಪಾಪ, ಅವಳಿಗೆ ಇದರ ಸುಳಿವೂ ಇಲ್ಲ. ನನಗೆ ನಿಜವಾಗಿಯೂ ಅಳು ಬಂತು.

ಹೋಬೋಕನ್‌ನಲ್ಲಿರುವ ಮಗಳು ಅನುಗೆ ಅಲ್ಲಿಂದಲೇ ಫೋನ್ ಮಾಡಿ ಎಲ್ಲ ಹೇಳಿದೆ. ಅವಳು ಎಂಜಿನಿಯರು. “ಅಪ್ಪಾ, ಸೆಂಡ್ ಮಿ ದಿ ಶೀಟ್” ಎಂದಳು. ಐದು ನಿಮಿಷದಲ್ಲಿ ಅವಳೇ ಫೋನ್ ಮಾಡಿದಳು.

“ಅಪ್ಪಾ, ವೇರ್ ಈಸ್ ಅಮ್ಮಾ?”

“ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದಾಳೆ ಪುಟ್ಟಾ. ಅವಳಿಗೆ ಏನೂ ಗೊತ್ತಿಲ್ಲ.”

“ನೋ ಅಪ್ಪಾ. ಇನ್ ದಿ ಶೀಟ್. ವೇರ್ ಈಸ್ ಅಮ್ಮಾ ಇನ್ ದಿ ಶೀಟ್?”

ನಾನು ಶೀಟನ್ನು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ನೋಡಿದೆ. ನಾನಿದ್ದೆ, ಟ್ರಕ್ಕನ್ನು ತೂಗಿಸಿದ ದಿನವೇ ಅದರೊಳಗೆ ಕೂತು ಲೆಕ್ಕಕ್ಕೆ ಸೇರಿಬಿಟ್ಟಿದ್ದೆ. ಕುಕ್ಕರುಗಳಿದ್ದವು. ಸೌಟಿತ್ತು. ಅವಳಿರಲಿಲ್ಲ. ಪ್ರತಿ ಸಲವೂ ಪಕ್ಕದ ಸೀಟಿನಲ್ಲಿ ಕೂತು ಬಂದವಳು, ಚೀಟಿಯನ್ನು ಕಿಟಕಿಯಿಂದ ಈಸಿಕೊಂಡು ನನ್ನ ಕೈಗೆ ಕೊಟ್ಟವಳು.

ಮನೆಗೆ ಬಂದು, ಮುಚ್ಚಿಟ್ಟಿದ್ದ ವಾಲ್ಟ್‌ನ ಹೆಂಡತಿಯ ಸಂಗತಿಯನ್ನೂ ಸೇರಿಸಿ, ಎಲ್ಲ ಒಪ್ಪಿಸಿದೆ. ಸುಮಿತ್ರಾ ದವಡೆ ಹಿಡಿದುಕೊಂಡೇ ಕೇಳಿದಳು. “ಆ ಹೆಣ್ಮಗಳ ಕಥಿ ವಾಲ್ಟ್ ನನಗೂ ಫೋನಿನಾಗ ಹೇಳ್ಯಾನ. ಪುಣ್ಯವಂತಿ. ಮಧ್ಯಾಹ್ನ ನಾನ ಅಲ್ಲಿ ಮಲಗತೀನಿ, ಛಲೋ ಗಾಳಿ ಬರ್ತದ. ಮನಿಯೊಳಗ ನಾ ಇಲ್ಲಾ ಅಂತ ನಿಮಗ ಒಂದ ದಿನಾನೂ ಗೊತ್ತಾಗಲಿಲ್ಲೇನು? ಆ ಲಿಂಬಿಹಣ್ಣೂ ನಾನ ತಂದೆ. ಚಿತ್ರಾನ್ನ ಎರಡು ಸಲ ಹಾಕಿಸ್ಕೊಂಡ್ರಿ.” ನಗುತ್ತಾಳೆಂದುಕೊಂಡೆ. ನಗಲಿಲ್ಲ. ಶೀಟನ್ನು ಬೆರಳಿನಿಂದ ಸರಿಸುತ್ತಾ ಸರಿಸುತ್ತಾ ಒಂದು ಕಡೆ ನಿಲ್ಲಿಸಿದಳು. “ಸೌಟು ಅದ, ನಾ ಇಲ್ಲ. ಹಂಗಂದ್ರ ನಿಮ್ಮ ಲೆಕ್ಕ ಸರೀನ ಕೂಡ್ಯದ. ನೀವೊಬ್ಬರ ಹೋಗೂದಕ್ಕ ಈ ಟ್ರಕ್ಕು ಬರೋಬ್ಬರಿ ಆಗ್ತದ.” ಅಂದಿನಿಂದ ಒಂದು ವಾರ ಮನೆಯಲ್ಲಿ ಅಡುಗೆಯಿತ್ತು, ಮಾತಿರಲಿಲ್ಲ. ನಾನು ಹೆದರಿದ್ದ ದೆವ್ವಕ್ಕಿಂತ ಆ ವಾರ ಭಯಂಕರವಾಗಿತ್ತು.

ಟ್ರಕ್ಕನ್ನು ಕೊಟ್ಟು, ಹಿಂದೆ ಜೋಡಿಜೋಡಿ ಚಕ್ರಗಳಿರುವ ಇನ್ನೂ ದೊಡ್ಡದನ್ನು ತಂದೆ. ಶೀಟಿನ ಮೊದಲ ಸಾಲಿನಲ್ಲೇ, ಟ್ರಕ್ಕಿಗಿಂತ ಮೇಲೆ, ಅವಳನ್ನು ಬರೆದೆ. ತೂಕ ಎಷ್ಟೆಂದು ಕೇಳುವ ಧೈರ್ಯವಾಗದೆ ತಡವರಿಸುತ್ತಿದ್ದಾಗ, “ಲಾರಿ ಜೋಡಿ ನಿಲ್ಲಿಸಿ ಮೂರು ಸಲ ತೂಗೀರಲ್ಲ, ಅದನ್ನ ಬರೀರಿ” ಎಂದಳು. ಮಾತಾಡಿದಳಲ್ಲ, ಅಷ್ಟೇ ಸಾಕು ಎಂದು ಬರೆದುಕೊಂಡೆ.

ಹೊರಡುವ ದಿನ, ಕೊನೆಯ ಸಲ ತೂಗಿಸಲು ಹೋದೆವು. ಮತ್ತೆ ಮಂಜು. ಡೀಸೆಲ್ ಹಾಕಿಸಿಕೊಂಡು, ಪಂಪಿನಿಂದ ತೂಕದಕಟ್ಟೆಗೆ ನಿಧಾನವಾಗಿ ಗಾಡಿ ಬಿಡುತ್ತಾ, ಪೆನ್ಸಿಲ್ವೇನಿಯಾದ ಗುಡ್ಡಗಳಲ್ಲಿ ಬ್ರೇಕನ್ನು ಹೇಗೆ ಹಿಡಿಯಬೇಕೆಂದು ಅವಳಿಗೆ ವಿವರಿಸುತ್ತಿದ್ದೆ. ಅವಳು “ಹ್ಞೂಂ” ಅನ್ನುತ್ತಿದ್ದಳು. ಈ ಸಲ ಚೀಟಿಯನ್ನು ನಾನೇ ಇಳಿದು ಹೋಗಿ ತಂದೆ. ಸೀಟಿಗೆ ಹತ್ತಿ ಕೂತು ಓದಿದೆ. ನೂರ ಮೂವತ್ತೆಂಟು ಪೌಂಡು ಕಡಿಮೆ.

ಕತ್ತು ಹೊರಳಿಸಿ ನೋಡಿದೆ. ಪಕ್ಕದ ಸೀಟು ಖಾಲಿ. ಬೆಲ್ಟು ಸಡಿಲವಾಗಿ ನೇತಾಡುತ್ತಿತ್ತು. ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಆಮೇಲೆ ಮಂಜಿನಿಂದ ಅವಳು ಎರಡು ಕಾಫಿ ಕಪ್ಪು ಹಿಡಿದು ಬಂದು ಮೊಣಕೈಯಿಂದ ಗಾಜು ತಟ್ಟಿದಳು. ಪಂಪಿನ ಹತ್ತಿರವೇ, ಕಾಫಿ ತರುತ್ತೇನೆಂದು ಹೇಳಿಯೇ ಇಳಿದಿದ್ದಳಂತೆ.

“ಗಾಡಿ ನನ್ನ ಮುಂದ ಹಾದು ಹೋದಾಗ ನೋಡಿದೆ, ಬಾಯಿ ಒಂದಸವನ ನಡದಿತ್ತು. ಯಾರ ಜೋಡಿ ಮಾತಾಡ್ಲಿಕ್ಕೆ ಹತ್ತಿದ್ರಿ?”

ನಿನ್ನ ಜೊತೆಗೇ ಅನ್ನಲು ಬಾಯಿ ಬರಲಿಲ್ಲ. ಆ “ಹ್ಞೂಂ” ನನ್ನ ಕಿವಿಗೆ ಸ್ಪಷ್ಟವಾಗಿ ಕೇಳಿಸಿತ್ತು. ಇವತ್ತಿನದಷ್ಟೇ ಆಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಮೂವತ್ತು ವರ್ಷಗಳಿಂದ ನಾನು ಕೇಳಿಸಿಕೊಂಡ ಹ್ಞೂಂಗಳಲ್ಲಿ ಅವಳು ನಿಜಕ್ಕೂ ಅಂದವು ಎಷ್ಟು ಎಂಬ ಲೆಕ್ಕಕ್ಕೆ ಮಾತ್ರ ಕೂರಲು ನನಗೆ ಇನ್ನೂ ಧೈರ್ಯವಾಗಿಲ್ಲ.