ಗಾಳಿಯಣ್ಣನ ಬಿಸಿಯೂಟ

ಎಲ್ಲ ಆದದ್ದು ಒಂದು ನೀಲಿ ಬಾಟಲಿಯಿಂದ. ಗಾಜು ಒರೆಸುವ ಹೊಸ ದ್ರಾವಣ ಬಂದಿದೆ, ಒಂದು ಸಲ ಒರೆಸಿದರೆ ಅಲ್ಲಿ ಗಾಜು ಇದೆಯೋ ಇಲ್ಲವೋ ತಿಳಿಯುವುದಿಲ್ಲ ಎಂದು ಅಂಗಡಿಯವನು ಹೇಳಿದ್ದನ್ನು ನಂಬಿ, ಫಳಫಳಕ್ಕ ಅದನ್ನು ಬಕೆಟ್ಟಿನಲ್ಲಿಟ್ಟುಕೊಂಡು ಬೆಳಿಗ್ಗೆಯೇ ನದಿಯ ದಂಡೆಗೆ ಬಂದಳು. ಅವಳು ಗುಡಿಸಿ ಒರೆಸಿದ್ದೆಲ್ಲ ಹಾಗೆ ಹೊಳೆಯುತ್ತಿದ್ದುದರಿಂದ ಅವಳಿಗೆ ಆ ಹೆಸರು.

ದಂಡೆಯ ಮೇಲೆ ಅಣುವಿದ್ಯುತ್ ಸ್ಥಾವರ. ಅದರ ಬೇಲಿಯಾಚೆ, ನೀರಿಗೆ ಮುಖಮಾಡಿ, ಬೆಂಕಿಪೊಟ್ಟಣದಂಥ ಒಂದು ಕೋಣೆ. ಅಲ್ಲಿ ಕೂತು ಹಡಗುಗಳ ಮೇಲೆ ಕಣ್ಣಿಡುವುದು ಗಾಳಿಯಣ್ಣನ ಕೆಲಸ. ಅಮೋನಿಯಾದಂಥ ಅನಿಲ ಹೊತ್ತ ಹಡಗುಗಳು ಆ ನದಿಯಲ್ಲಿ ಓಡಾಡುತ್ತವೆ. ಯಾವುದಾದರೂ ಸೋರಿ ಆ ಅನಿಲ ಒಳಗೆ ನುಗ್ಗಿದರೆ ಸ್ಥಾವರ ನಡೆಸುವವರು ಕೂತಲ್ಲೇ ಮೂರ್ಛೆ ಹೋದಾರು. ಅದಕ್ಕೇ ಕಿಟಕಿಯ ಕೆಳಗೆ, ಗೋಡೆಯಾಚೆಗೊಂದು ಕೊಳವೆ ಚಾಚಿಕೊಂಡು, ಅನಿಲವನ್ನು ಪತ್ತೆಹಚ್ಚುವ ಯಂತ್ರವೊಂದಿತ್ತು. ಅದು ಕೂಗಿದರೆ ಗಾಳಿಯಣ್ಣ ಕೆಂಪು ಗುಂಡಿ ಒತ್ತಬೇಕು. ಸ್ಥಾವರಕ್ಕೆ ಹೊರಗಾಳಿ ಹೋಗುವ ದಾರಿಯೆಲ್ಲ ಮುಚ್ಚಿಕೊಳ್ಳುತ್ತದೆ. ಆಮೇಲೆ ವೈರ್‌ಲೆಸ್ಸಿನಲ್ಲಿ ಕೂಗಿ ಹಡಗನ್ನು ಇದ್ದಲ್ಲೇ ನಿಲ್ಲಿಸಬೇಕು. ಇಷ್ಟು ವರ್ಷದಲ್ಲಿ ಯಂತ್ರ ಒಮ್ಮೆಯೂ ಕೂಗಿರಲಿಲ್ಲ. ಮದುವೆಮನೆಯಲ್ಲಿ ಮುನಿಸಿಕೊಂಡ ಭಾವನ ಹಾಗೆ ಬಾಯಿ ಬಿಗಿದು ಕೂತಿತ್ತು.

ಇಂಥ ಕೆಲಸದಲ್ಲಿದ್ದ ಗಾಳಿಯಣ್ಣನಿಗೆ ವಾಸನೆಯೇ ತಿಳಿಯುತ್ತಿರಲಿಲ್ಲ. ಹಿಂದೆ ಬಂದ ಜ್ವರವೊಂದು ಹೋಗುವಾಗ ಅದನ್ನೂ ಜೊತೆಗೆ ಕರೆದುಕೊಂಡು ಹೋಗಿತ್ತು. ಗೊತ್ತಿದ್ದದ್ದು ಹೆಂಡತಿಗೆ ಮಾತ್ರ. ಕಚೇರಿಗೆ ತಿಳಿದರೆ ಕೆಲಸ ಹೋದೀತೆಂಬ ಹೆದರಿಕೆಗೆ, ಯಾರಾದರೂ ಹೂವು ತಂದರೆ ಉದ್ದಕ್ಕೆ ಉಸಿರೆಳೆದು "ಆಹಾ" ಎನ್ನುತ್ತಿದ್ದ. ಒಮ್ಮೆ ಪ್ಲಾಸ್ಟಿಕ್ ಹೂವಿಗೂ ಆಹಾ ಎಂದುಬಿಟ್ಟಿದ್ದ.

ವಾಸನೆ ಹೋದಮೇಲೆ ರುಚಿಯೂ ಹೋದ ಹಾಗೇ. ಊಟದಲ್ಲಿ ಅವನಿಗೆ ಉಳಿದ ಸುಖ ಒಂದೇ, ಬಿಸಿ. ಹೆಂಡತಿ ಸ್ಥಾವರದ ಕ್ಯಾಂಟೀನಿನಲ್ಲಿ ಅಡುಗೆಯವಳು. ಅವಳು ಕುದಿಯುತ್ತಿದ್ದಂತೆಯೇ ತುಂಬಿ ಕಳಿಸಿದ ಡಬ್ಬಿ ಗೇಟುಗೇಟಿನಲ್ಲೂ ತಪಾಸಣೆಯಾಗಿ ಇವನ ಕೈ ಸೇರುವ ಹೊತ್ತಿಗೆ ಕಪ್ಪೆಯ ಹೊಟ್ಟೆಯಷ್ಟು ತಣ್ಣಗಾಗಿರುತ್ತಿತ್ತು. ಕೋಣೆಯಲ್ಲಿ ಒಲೆ ಹಚ್ಚುವಂತಿಲ್ಲ. ಈಗ ಕ್ಯಾಂಟೀನಿನ ಪಕ್ಕದಲ್ಲೇ ಬೀಗದ ಕೈ ಕೊಡುವವನ ಮೇಜು ಖಾಲಿಯಾಗಿತ್ತು. ಗಾಳಿಯಣ್ಣ ಅಲ್ಲಿಗೆ ವರ್ಗ ಕೇಳಿಕೊಂಡಿದ್ದ. ಸುರಕ್ಷತೆಯ ಮೇಡಂ ಇವತ್ತು ಬಂದು ಕೋಣೆ ನೋಡುತ್ತಾರೆ. ಎಲ್ಲ ಸರಿಯಿದ್ದರೆ ವರ್ಗ ಸಿಕ್ಕಿ ಮಧ್ಯಾಹ್ನದ ಊಟ ಅಲ್ಲೇ, ಹೆಂಡತಿಯ ಕೈಯಿಂದಲೇ.

"ಮೇಡಂ ಬರೋ ದಿನ ನಿನ್ನ ಗಾಜು ಮಂಕಾಗಿದ್ರೆ ನನಗೆ ಅವಮಾನ ಅಲ್ವಾ ತಮ್ಮಾ?" ಎಂದಳು ಫಳಫಳಕ್ಕ. "ನೀ ಸುಮ್ನೆ ಕೂತ್ಕೋ. ಮೊದಲು ಹೊರಗಿಂದ ಒರೆಸ್ತೀನಿ."

ಹೊರಗೆ ಹೋಗಿ ಚಿಮುಕಿಸಿದಳು. ಯಂತ್ರ ಕೂಗಿತು. ಬಾಲ ತುಳಿಸಿಕೊಂಡ ನಾಯಿಯ ಹಾಗೆ ಕೂಗಿತು.

ಗಾಳಿಯಣ್ಣ ಕುರ್ಚಿಯಿಂದ ಹಾರಿದ. ಮೂಸಿ ನೋಡಿದ. ಮೂಗಿಗೆ ಏನೂ ತಿಳಿಯಲಿಲ್ಲ, ಯಾವತ್ತಿನ ಹಾಗೇ. ನದಿಯಲ್ಲಿ ನೋಡಿದರೆ ಉದ್ದನೆಯ ಹಡಗೊಂದು ತಿರುವಿನಲ್ಲಿ ಮೂತಿ ತೋರಿಸುತ್ತಿತ್ತು. ಅಷ್ಟರಲ್ಲಿ ಫಳಫಳಕ್ಕ ಕಣ್ಣುಜ್ಜುತ್ತ ಒಳಬಂದಳು.

"ಏನು ತಮ್ಮಾ ಇದು? ಕಣ್ಣೆಲ್ಲ ಉರೀತಿದೆ!"

ಇನ್ನೇನು ಸಾಕ್ಷಿ ಬೇಕು? ಗಾಳಿಯಣ್ಣ ಕೆಂಪು ಗುಂಡಿ ಒತ್ತಿಬಿಟ್ಟ. ಸ್ಥಾವರದ ಒಳಗೆಲ್ಲ ಧಡಧಡ ಬಾಗಿಲು ಮುಚ್ಚಿಕೊಂಡವು. ಅವನು ವೈರ್‌ಲೆಸ್ ಹಿಡಿದ.

"ಹಡಗಿನೋರೇ! ಅಲ್ಲೇ ನಿಲ್ಲಿ! ನಿಮ್ಮದು ಸೋರ್ತಿದೆ!"

"ಏನಯ್ಯಾ ಸೋರೋದು?" ಹಡಗಿನ ಯಜಮಾನನ ದನಿ ಗುಡುಗಿತು. "ನನ್ನ ಹಡಗಲ್ಲಿರೋದು ಹಾಸಿಗೆ! ಹಾಸಿಗೆ ಯಾವತ್ತಾದ್ರೂ ಸೋರಿದ್ದು ಕಂಡಿದ್ದೀಯಾ?"

"ಹಾಸಿಗೆ ಕೆಳಗೆ ಏನಿದೆ?"

"ಹಾಸಿಗೆ!"

"ಅದರ ಕೆಳಗೆ?"

"ನದಿ!"

ಆದರೂ ಪಾಪ, ಲಂಗರು ಹಾಕಿದ. ಅವನ ಹಿಂದೆ ಮರಳಿನ ದೋಣಿ, ಅದರ ಹಿಂದೆ ಈರುಳ್ಳಿಯ ದೋಣಿ ನಿಂತು ಹಾರ್ನ್ ಬಾರಿಸತೊಡಗಿದವು.

ಇತ್ತ ಫಳಫಳಕ್ಕ ಒಂದು ಒಗೆದ ಬಟ್ಟೆಯನ್ನು ಕುಡಿಯುವ ನೀರಿನಲ್ಲಿ ನೆನೆಸಿ, ತನ್ನ ಮೂಗು ಮುಚ್ಚಿಕೊಳ್ಳದೆ ಮೊದಲು ಗಾಳಿಯಣ್ಣನ ಮೂಗಿಗೆ ಕಟ್ಟಿದಳು. "ನಂದೇನು, ವಯಸ್ಸಾಯ್ತು. ನಿನಗೆ ಹೆಂಡ್ತಿ ಇದ್ದಾಳೆ" ಎಂದಳು. ಆಮೇಲೆ ಗಂಟಲು ಹರಿಯುವ ಹಾಗೆ ಕೂಗುತ್ತಿದ್ದ ಯಂತ್ರವನ್ನು ಕಂಡು ಅವಳಿಗೆ ಮರುಕ ಬಂತು. ಪಾಪ, ಧೂಳು ಸಿಕ್ಕಿಕೊಂಡಿರಬೇಕು ಎಂದು ಅದಕ್ಕೂ ನೀಲಿ ಬಾಟಲಿಯಿಂದ ಚಿಮುಕಿಸಿ ಒರೆಸಿದಳು. ಯಂತ್ರ ಇನ್ನೂ ಒಂದು ಸ್ವರ ಮೇಲೇರಿತು. ಒರೆಸಿದಷ್ಟೂ ಅದು ಕೂಗಿತು, ಕೂಗಿದಷ್ಟೂ ಅವಳು ಒರೆಸಿದಳು.

ಫೋನು ಬಡಿದುಕೊಂಡಿತು. ಹೆಂಡತಿ.

"ಏನ್ರೀ, ಗುಂಡಿ ಒತ್ತಿದ್ದು ನೀವಾ? ಇಲ್ಲಿ ಫ್ಯಾನೆಲ್ಲ ನಿಂತು ಅಡುಗೆಮನೆ ಹೊಗೆಯಲ್ಲಿ ಮುಳುಗಿದೆ. ನಿಮ್ಮ ಮೇಡಂ ನನ್ನ ಜೊತೆ ಇಲ್ಲೇ ಸಿಕ್ಕಿಹಾಕ್ಕೊಂಡಿದ್ದಾರೆ!"

"ಮೇಡಂ ಏನು ಮಾಡ್ತಿದ್ದಾರೆ?"

"ಹಸಿವು ಅಂದ್ರು. ನಿಮಗೆ ಅಂತ ತೆಗೆದಿಟ್ಟ ಬಿಸಿ ಊಟ ಬಡಿಸಿಬಿಟ್ಟೆ. ಇನ್ನೇನು ಮಾಡ್ಲಿ?"

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ಗಾಳಿಯಣ್ಣನ ತುತ್ತು ಸೀದಾ ಮೇಡಂ ಬಾಯಿಗೇ ಹೋಗಿತ್ತು.

ಊಟ ಮುಗಿಸಿ ಮೇಡಂ ಅನಿಲ ತಡೆಯುವ ಮುಖವಾಡ ಹಾಕಿಕೊಂಡು, ಒಂದು ಬಾಗಿಲು ತೆರೆಸಿ, ಕೈಯಲ್ಲೊಂದು ಪುಟ್ಟ ಮೀಟರು ಹಿಡಿದು ದಂಡೆಗಿಳಿದು ಬಂದರು. ದಾರಿಯುದ್ದಕ್ಕೂ ಮೀಟರು ತಣ್ಣಗಿತ್ತು. ಕೋಣೆಯ ಬಾಗಿಲಲ್ಲಿ ಮಾತ್ರ ಕಿರುಚಿತು. ಮೇಡಂ ಮುಖವಾಡವನ್ನು ತುಸು ಎತ್ತಿ ಮೂಸಿದರು. ಕಣ್ಣು ನೀಲಿ ಬಾಟಲಿಯ ಮೇಲೆ ನಿಂತಿತು. ಅದನ್ನು ಹೊರಗಿಟ್ಟು ಕಿಟಕಿ ತೆರೆದರು. ಯಂತ್ರ ಬಿಕ್ಕಿ ಬಿಕ್ಕಿ ಸುಮ್ಮನಾಯಿತು.

"ಇದರಲ್ಲೇ ಅಮೋನಿಯಾ ಇದೆ" ಎಂದರು ಮೇಡಂ. "ಕೋಣೆ ತುಂಬ ಇದೇ ಘಾಟು! ನಿಮಗೆ ಬರಲೇ ಇಲ್ವಾ?" ಎಂದು ಒರೆಸುವ ಬಟ್ಟೆಯನ್ನು ಅವನ ಮುಂದೆ ಹಿಡಿದರು.

ಗಾಳಿಯಣ್ಣ ಮೂಗಿಗೆ ಕಟ್ಟಿದ್ದ ಬಟ್ಟೆ ಸರಿಸಿ, ರೂಢಿಯಂತೆ ಉದ್ದಕ್ಕೆ ಉಸಿರೆಳೆದ. "ಆಹಾ! ಮಲ್ಲಿಗೆ!" ಎಂದ. ಎರಡೂ ಕಣ್ಣಿಂದ ನೀರು ಧಾರೆಯಾಗಿ ಇಳಿಯಿತು.

ಮೇಡಂ ಬಟ್ಟೆಯನ್ನು ಕೆಳಗಿಟ್ಟರು.

"ನಿಮಗೆ ವಾಸನೆ ತಿಳಿಯಲ್ಲ ಅಲ್ವಾ?" ಮೇಡಂ ಮೆಲ್ಲಗೆ ಕೇಳಿದರು.

"ಇಲ್ಲ ಮೇಡಂ" ಎಂದ ಗಾಳಿಯಣ್ಣ. ಅಲ್ಲಿಗೆ ಕೆಲಸವೂ ಹೋಯಿತು, ಬಿಸಿಯೂಟವೂ ಹೋಯಿತು ಎಂದುಕೊಂಡ. ಫಳಫಳಕ್ಕ ಅವನ ಮುಂದೆ ಬಂದು ನಿಂತಳು. "ತಪ್ಪು ನಂದು ಮೇಡಂ. ಅವನನ್ನ ಏನೂ ಅನ್ಬೇಡಿ."

ಮೇಡಂ ನಕ್ಕರು. "ಅನ್ನೋದಾ? ಇನ್ನೊಂದು ಕಡೆ ನಮ್ಮವರೊಬ್ರು ಇದ್ರು. ಯಂತ್ರ ಕೂಗ್ತು. ಮೂಸಿ ನೋಡಿ, ಏನೂ ಇಲ್ಲ ಅಂತ ಅದರ ಬಾಯಿ ಮುಚ್ಚಿ ಕಾಫಿಗೆ ಹೋದ್ರು. ಅವರಿಗೆ ನೆಗಡಿ. ಅವತ್ತು ನಿಜವಾಗ್ಲೂ ಸೋರಿತ್ತು! ಮೂಗಿರೋರೆಲ್ಲ ಮೂಗನ್ನೇ ನಂಬ್ತಾರೆ ಕಣ್ರೀ. ಯಂತ್ರದ ಮಾತು ಕೇಳಿ ತಕ್ಷಣ ಗುಂಡಿ ಒತ್ತಿದೋರು ನೀವೊಬ್ರೇ. ಇಂಥವರನ್ನ ನಾನು ಎಲ್ಲಿ ಹುಡುಕ್ಲಿ? ನಿವೃತ್ತಿ ಆಗೋವರೆಗೆ ಇಲ್ಲೇ ಇರಿ!"

"ಮೇಡಂ, ನನ್ನ ವರ್ಗ…"

"ಬೀಗದ ಕೈ ಕೊಡೋಕೆ ಯಾರಾದ್ರೂ ಆಗ್ತಾರೆ." ಮೇಡಂ ಕಣ್ಣು ಫಳಫಳಕ್ಕನ ಮೇಲೆ ನಿಂತಿತು. "ನೀವು ಈ ಯಂತ್ರದ ಹತ್ತಿರ ಇರೋದು ಬೇಡಮ್ಮ. ನಾಳೆಯಿಂದ ಒಳಗೆ ಆ ಮೇಜು ನೋಡ್ಕೊಳ್ಳಿ." ಹೊರಡುವಾಗ ಗಾಳಿಯಣ್ಣನ ಕಡೆ ತಿರುಗಿ, "ಅಂದಹಾಗೆ, ನಿಮ್ಮ ಹೆಂಡತಿ ಕೈಯಡುಗೆ! ಅಂಥ ಬಿಸಿಬಿಸಿ ಊಟ ಮಾಡಿ ಎಷ್ಟು ಕಾಲ ಆಗಿತ್ತು!" ಎಂದರು.

ಹಡಗಿನ ಯಜಮಾನ ಹೋಗುವಾಗ ಒಂದು ಹಾಸಿಗೆಯನ್ನು ದಂಡೆಗೆ ಎಸೆದು, "ತುಂಬಾ ಹೆದರಿದ್ದೀಯಾ, ಮನೇಲಿ ಹಾಸ್ಕೊಂಡು ಸುಧಾರಿಸ್ಕೋ" ಎಂದು ಕೂಗಿದ.

ಮರುದಿನ ಮಧ್ಯಾಹ್ನ ಗಾಳಿಯಣ್ಣ ತಣ್ಣನೆಯ ಡಬ್ಬಿ ತೆರೆದು ಕೂತಿದ್ದ. ಫೋನು ಬಂತು. ಕ್ಯಾಂಟೀನಿನಿಂದ ಫಳಫಳಕ್ಕ.

"ತಮ್ಮಾ, ನಿನ್ನ ಹೆಂಡ್ತಿ ಎಂಥಾ ಪುಣ್ಯವಂತೆ! ಒಲೆಯಿಂದ ಸೀದಾ ನನ್ನ ತಟ್ಟೆಗೇ ಹಾಕಿದಾಳೆ. ನಾಲಗೆ ಸುಡ್ತು! ನಿನ್ನ ಬಿಟ್ಟು ತಿನ್ನೋಕೆ ಮನಸ್ಸು ಬರ್ಲಿಲ್ಲ ಕಣೋ. ತಾಳು, ಫೋನನ್ನ ತಟ್ಟೆ ಮೇಲೆ ಹಿಡೀತೀನಿ, ಸ್ವಲ್ಪ ಹಬೆ ಆದ್ರೂ ಬರ್ಲಿ."

ಗಾಳಿಯಣ್ಣ ಬೇಡವೆನ್ನಲಿಲ್ಲ. ಫೋನನ್ನು ಕಿವಿಯಿಂದ ತೆಗೆದು ಕೆನ್ನೆಗೆ ಒತ್ತಿಕೊಂಡ. ನಿಜ ಹೇಳಬೇಕೆಂದರೆ, ಸ್ವಲ್ಪ ಬೆಚ್ಚಗೇ ಇತ್ತು.